ಮಾತು ಬಾರದ ಬ್ಯಾರಿಸ್ಟರು ಲಂಡನ್ನಿನಲ್ಲಿ ಕಲಿತದ್ದೇನು?

ಉನ್ನತ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೊರಟು ನಿಂತ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರನ್ನು ಒಂದು ಅಳುಕು ಒಳಗೊಳಗೇ ಕಾಡುತ್ತಿರುತ್ತದೆ. ಪಾಠವನ್ನು ಹೇಗಾದರೂ ಓದಿ ಅರಗಿಸಿಕೊಳ್ಳಬಹುದು. ಆದರೆ ತರಗತಿಯಲ್ಲಿ ಎದ್ದು ನಿಂತು ಮಾತನಾಡುವುದು ಹೇಗೆ? ಪ್ರಾಧ್ಯಾಪಕರ ಅಭಿಪ್ರಾಯವನ್ನು ಒಪ್ಪದಿದ್ದಾಗ ಅದನ್ನು ಹೇಳುವುದು ಹೇಗೆ? ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ ಈ ಅಳುಕು ಇನ್ನಷ್ಟು ಹೆಚ್ಚು. ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿದವರೂ ಪರದೇಶದ ಮೊದಲ ತಿಂಗಳುಗಳಲ್ಲಿ ಮೂಕರಂತೆ ಕುಳಿತುಬಿಡುವುದುಂಟು.

ಈ ಸಂಕಟವನ್ನು ಅನುಭವಿಸಿ, ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರಲ್ಲಿ ಅಗ್ರಗಣ್ಯರೆಂದರೆ ಮೋಹನದಾಸ ಕರಮಚಂದ ಗಾಂಧಿ. ಅವರು 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಅನುವಾದದ ಮೂಲಕ ಅವರ ಆತ್ಮಕಥೆ ಕನ್ನಡಿಗರಿಗೆ ಚಿರಪರಿಚಿತ. ಅದರ ಲಂಡನ್ ಅಧ್ಯಾಯಗಳನ್ನು ಸಂವಹನ ಕಲೆಯ ದೃಷ್ಟಿಯಿಂದ ಓದಿದರೆ ವಿಚಿತ್ರವಾದ ಸಂಗತಿಯೊಂದು ಎದ್ದು ಕಾಣುತ್ತದೆ. ಲಂಡನ್ ಬಿಡುವ ದಿನದವರೆಗೂ ಗಾಂಧಿಯವರಿಗೆ ಸಭೆಯಲ್ಲಿ ಮಾತನಾಡಲು ಬರಲಿಲ್ಲ. ಆದರೂ ಮುಂದೆ ಕೋಟ್ಯಂತರ ಜನರನ್ನು ತಲುಪಿದ ಅವರ ಸಂವಹನ ಶಕ್ತಿಯ ಬುನಾದಿ ಬಿದ್ದದ್ದು ಆ ಮೂರು ವರ್ಷಗಳಲ್ಲಿಯೇ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿದರೆ ಇಂದಿನ ವಿದ್ಯಾರ್ಥಿಗೂ ದಾರಿ ಕಾಣುತ್ತದೆ.

ಹಡಗಿನ ಕೋಣೆಯಲ್ಲಿ ಮೌನ

ಗಾಂಧಿಯವರು ಮುಂಬಯಿಯಿಂದ ಹಡಗು ಹತ್ತಿದ್ದು 1888ರ ಸೆಪ್ಟೆಂಬರ್ 4ರಂದು. ಆಗ ಅವರಿಗೆ ಹತ್ತೊಂಬತ್ತು ತುಂಬಲು ಇನ್ನೂ ಕೆಲವು ದಿನಗಳಿದ್ದವು. ಗುಜರಾತಿಯಲ್ಲಿ ಕಲಿಕೆ ಆರಂಭಿಸಿ, ಪ್ರೌಢಶಾಲೆಯ ನಾಲ್ಕನೆಯ ತರಗತಿಯಿಂದ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದು ತತ್ತರಿಸಿದ ಹುಡುಗ ಅವರು. ರಾಜಕೋಟೆಯ ಶಾಲೆಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ, ಬರೆದುಕೊಂಡು ಹೋಗಿದ್ದ ಕೃತಜ್ಞತೆಯ ನಾಲ್ಕು ಮಾತುಗಳನ್ನೂ ತೊದಲುತ್ತಲೇ ಓದಿ ಮುಗಿಸಿದ್ದರು.

ಹಡಗಿನಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಯಿತು. ಆಂಗ್ಲ ಪ್ರಯಾಣಿಕರು ಆಡಿದ್ದು ಅರ್ಥವಾಗುತ್ತಿರಲಿಲ್ಲ. ಅರ್ಥವಾದರೂ ಉತ್ತರಿಸಲು ಆಗುತ್ತಿರಲಿಲ್ಲ. ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡ ಮೇಲೆಯೇ ಬಾಯಿ ತೆರೆಯಬೇಕಾಗಿತ್ತು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವಿಲ್ಲದೆ, ಮನೆಯಿಂದ ತಂದ ಸಿಹಿತಿಂಡಿ ಮತ್ತು ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಕುಳಿತು ತಿಂದರು. ಜೊತೆಯಲ್ಲಿದ್ದ ಜುನಾಗಢದ ವಕೀಲ ಮಜಮುದಾರರು, ವಕೀಲನಾಗುವವನಿಗೆ ನಾಲಗೆ ಉದ್ದವಿರಬೇಕು, ಪರಭಾಷೆಯಲ್ಲಿ ತಪ್ಪುಗಳಾಗುವುದು ಸಹಜ, ಸಂಕೋಚ ಬಿಟ್ಟು ಮಾತನಾಡಬೇಕು ಎಂದು ಬುದ್ಧಿ ಹೇಳಿದರು. ಸಲಹೆ ಒಳ್ಳೆಯದೇ, ಆದರೆ ಸಂಕೋಚವನ್ನು ಬಿಡು ಎಂದ ಮಾತ್ರಕ್ಕೆ ಅದು ಬಿಟ್ಟುಹೋಗುವಂಥದ್ದಲ್ಲ.

ಭಾಷೆಯ ಜೊತೆಗೆ ನಡವಳಿಕೆಯ ಪಾಠವೂ ಬೇಕಾಯಿತು. ಲಂಡನ್ನಿನಲ್ಲಿ ಅವರನ್ನು ಮೊದಲು ಕಾಣಲು ಬಂದವರು ಡಾ. ಪ್ರಾಣಜೀವನ ಮೆಹತಾ. ಮೆಹತಾ ಅವರ ರೋಮದ ಟೊಪ್ಪಿಗೆಯನ್ನು ಗಾಂಧಿಯವರು ಕುತೂಹಲದಿಂದ ಎತ್ತಿಕೊಂಡು ಉಲ್ಟಾ ಸವರಿದಾಗ ಮೊದಲ ಪಾಠ ದೊರೆಯಿತು: ಇನ್ನೊಬ್ಬರ ವಸ್ತುವನ್ನು ಮುಟ್ಟಬಾರದು; ಮೊದಲ ಭೇಟಿಯಲ್ಲಿಯೇ ನಮ್ಮ ದೇಶದಲ್ಲಿ ಕೇಳುವಂತೆ ಸ್ವಂತ ವಿಚಾರಗಳನ್ನು ಕೇಳಬಾರದು; ಗಟ್ಟಿಯಾಗಿ ಮಾತನಾಡಬಾರದು; ಮಾತುಮಾತಿಗೂ 'ಸರ್' ಎನ್ನಬಾರದು. ನಮ್ಮಲ್ಲಿ ವಿನಯವೆನಿಸುವ ಪದ ಅಲ್ಲಿ ಸೇವಕನು ಯಜಮಾನನಿಗೆ ಬಳಸುವ ಪದವಾಗಿತ್ತು. ಪದದ ಅರ್ಥ ತಿಳಿದರೂ ಅದರ ಸಾಮಾಜಿಕ ಬೆಲೆ ತಿಳಿಯದಿದ್ದರೆ ಸಂವಹನ ಪೂರ್ಣವಾಗುವುದಿಲ್ಲವೆಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಒಂದು ಗಿನಿಯ ಭಾಷಣಕಲೆ

ಆರಂಭದ ತಿಂಗಳುಗಳಲ್ಲಿ ಗಾಂಧಿಯವರು ಹಿಡಿದ ದಾರಿ ಅನುಕರಣೆಯದು. ಇದಕ್ಕೆ ಒಂದು ಅವಮಾನವೂ ಕಾರಣ. ಸ್ನೇಹಿತರೊಬ್ಬರು ಅವರನ್ನು ನಾಟಕಕ್ಕೆ ಮೊದಲು ಹೋಲ್ಬರ್ನ್ ಎಂಬ ಭವ್ಯ ಭೋಜನಶಾಲೆಗೆ ಕರೆದೊಯ್ದಿದ್ದರು. ಬಡಿಸಿದ ಸೂಪಿನಲ್ಲಿ ಮಾಂಸವಿದೆಯೇ ಎಂದು ತಿಳಿಯಲು ಗಾಂಧಿಯವರು ಪರಿಚಾರಕನನ್ನು ಕರೆದಾಗ ಸ್ನೇಹಿತರು ಸಿಡಿಮಿಡಿಗೊಂಡು, ಸಭ್ಯ ಸಮಾಜಕ್ಕೆ ಇವರು ಹೊಂದುವವರಲ್ಲವೆಂದು ಗದರಿ ಹೊರಗೆ ಕಳುಹಿಸಿದರು. ಹತ್ತಿರದ ಸಸ್ಯಾಹಾರ ಭೋಜನಾಲಯ ಮುಚ್ಚಿತ್ತು. ಅಂದು ರಾತ್ರಿ ಅವರು ಉಪವಾಸವಿದ್ದೇ ನಾಟಕ ನೋಡಿದರು.

ಇದಾದ ಬಳಿಕ ಸಭ್ಯ ಆಂಗ್ಲನಾಗುವ ಸಾಹಸ ಮೊದಲಾಯಿತು. ಹತ್ತೊಂಬತ್ತು ಶಿಲಿಂಗಿನ ಟೊಪ್ಪಿಗೆ, ಹತ್ತು ಪೌಂಡಿನ ಸಂಜೆಯುಡುಪು, ಮೂರು ಪೌಂಡು ಕೊಟ್ಟು ನೃತ್ಯದ ಪಾಠ, ಪಿಟೀಲು, ಜೊತೆಗೆ ಒಂದು ಗಿನಿ ಮುಂಗಡ ತೆತ್ತು ಭಾಷಣಕಲೆಯ ಪಾಠ. ಬೆಲ್ ಎಂಬವರ ಪಠ್ಯಪುಸ್ತಕ ಕೊಂಡು, ಆಂಗ್ಲ ಮುತ್ಸದ್ದಿ ಪಿಟ್ಟನ ಭಾಷಣವೊಂದರಿಂದ ಅಭ್ಯಾಸ ಆರಂಭಿಸಿದರು. ಎರಡು ಮೂರು ಪಾಠಗಳಲ್ಲಿಯೇ ಇದರ ನಿರರ್ಥಕತೆ ಅವರಿಗೆ ಹೊಳೆಯಿತು. ತಾನು ಬಂದಿರುವುದು ಓದಲಿಕ್ಕೆ, ಇಂಗ್ಲೆಂಡಿನಲ್ಲಿಯೇ ಬಾಳನ್ನು ಕಳೆಯಲಿಕ್ಕಲ್ಲ ಎಂದು ಮನಗಂಡು ಶಿಕ್ಷಕರಿಗೆ ಕ್ಷಮೆ ಕೋರಿ ಪತ್ರ ಬರೆದರು. ಈ ಮೋಹ ಒಟ್ಟಾರೆ ಸುಮಾರು ಮೂರು ತಿಂಗಳು ಉಳಿಯಿತು.

ಪಿಟ್ಟನ ಭಾಷಣ ಪಿಟ್ಟನದು. ಅದನ್ನು ಎಷ್ಟೇ ಸ್ಫುಟವಾಗಿ ಉಚ್ಚರಿಸಿದರೂ ಹೇಳುವವನಿಗೆ ತನ್ನದೆಂಬ ಮಾತು ಅದರಲ್ಲಿ ಇರಲಿಲ್ಲ. ಉಚ್ಚಾರಣೆಯ ಠೀವಿಯನ್ನೇ ಸಂವಹನವೆಂದು ಭಾವಿಸಿ ಹಣ ಮತ್ತು ಕಾಲವನ್ನು ವ್ಯಯಿಸುವವರು ಇಂದಿಗೂ ಕಡಿಮೆಯೇನಿಲ್ಲ.

ಹೇಳಲು ಒಂದು ವಿಷಯ

ಗಾಂಧಿಯವರಿಗೆ ನಿಜವಾಗಿ ನೆರವಾದದ್ದು ಎರಡು ಸಂಗತಿಗಳು. ಮೊದಲನೆಯದು ವೃತ್ತಪತ್ರಿಕೆ. ಭಾರತದಲ್ಲಿದ್ದಾಗ ಪತ್ರಿಕೆಯನ್ನೇ ಓದಿರದ ಅವರು ಲಂಡನ್ನಿನಲ್ಲಿ ಸ್ನೇಹಿತರ ಸಲಹೆಯಂತೆ ಡೈಲಿ ನ್ಯೂಸ್, ಡೈಲಿ ಟೆಲಿಗ್ರಾಫ್, ಪಾಲ್ ಮಾಲ್ ಗೆಜೆಟ್‌ಗಳ ಮೇಲೆ ಪ್ರತಿದಿನ ಕಣ್ಣಾಡಿಸತೊಡಗಿದರು. ಇದಕ್ಕೆ ಹೆಚ್ಚೆಂದರೆ ಒಂದು ಗಂಟೆ ಹಿಡಿಯುತ್ತಿತ್ತು. ಸುತ್ತಲಿನ ಜನ ಯಾವುದರ ಬಗ್ಗೆ, ಯಾವ ಧಾಟಿಯಲ್ಲಿ ಮಾತನಾಡುತ್ತಾರೆಂಬುದು ಹೀಗೆ ಪರಿಚಯವಾಯಿತು.

ಎರಡನೆಯದು ಸಸ್ಯಾಹಾರ. ತಾಯಿಗೆ ಕೊಟ್ಟ ವಚನಕ್ಕಾಗಿ ಮಾಂಸ ತ್ಯಜಿಸಿದ್ದ ಅವರು, ವಸತಿಗೃಹದಲ್ಲಿ ಇನ್ನೊಂದು ತುಂಡು ಬ್ರೆಡ್ ಕೇಳಲು ನಾಚಿ ಅರೆಹೊಟ್ಟೆಯಲ್ಲಿ ದಿನ ದೂಡುತ್ತಿದ್ದರು. ಸುತ್ತಾಡುತ್ತ ಒಂದು ದಿನ ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರ ಭೋಜನಾಲಯ ಕಣ್ಣಿಗೆ ಬಿತ್ತು. ಅಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಓದಿದ ಮೇಲೆ, ವಚನದಿಂದ ಬಂದ ನಿಷ್ಠೆ ವಿಚಾರದಿಂದ ಬಂದ ನಿಷ್ಠೆಯಾಯಿತು. ಇತರರಿಗೆ ಹೇಳಬೇಕೆನಿಸುವ ವಿಷಯವೊಂದು ಅವರಿಗೆ ದೊರಕಿದ್ದು ಇಲ್ಲಿ. ಅವರು ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ತಾವು ವಾಸವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಪುಟ್ಟ ಸಂಘವೊಂದನ್ನು ಆರಂಭಿಸಿ ಕಾರ್ಯದರ್ಶಿಯಾದರು. ಅದಕ್ಕೆ ಪತ್ರಿಕಾ ಸಂಪಾದಕ ಡಾ. ಜೊಸಯ್ಯ ಓಲ್ಡ್‌ಫೀಲ್ಡ್ ಅಧ್ಯಕ್ಷರು, ಕವಿ ಸರ್ ಎಡ್ವಿನ್ ಆರ್ನಾಲ್ಡ್ ಉಪಾಧ್ಯಕ್ಷರು. ಸಂಘ ಹೆಚ್ಚು ಕಾಲ ಬಾಳಲಿಲ್ಲವಾದರೂ, ಅಪರಿಚಿತ ದೇಶದಲ್ಲಿ ತನಗಿಂತ ಹಿರಿಯರನ್ನು ಒಂದೆಡೆ ಸೇರಿಸಿ ಕೆಲಸ ನಡೆಸುವ ಅನುಭವ ಅವರಿಗೆ ಲಭಿಸಿತು.

ನಾಲಗೆಗಿಂತ ಮೊದಲು ಲೇಖನಿ

ಆದರೂ ಸಮಿತಿಯ ಸಭೆಗಳಲ್ಲಿ ಗಾಂಧಿಯವರದು ಮೌನವೇ. ತನ್ನೊಡನೆ ಚೆನ್ನಾಗಿಯೇ ಮಾತನಾಡುವವನು ಸಭೆಯಲ್ಲಿ ಏಕೆ ತುಟಿ ಬಿಚ್ಚುವುದಿಲ್ಲವೆಂದು ಓಲ್ಡ್‌ಫೀಲ್ಡ್ ಕೇಳಿ, ಅವರನ್ನು ದುಡಿಯದ ಗಂಡುಜೇನಿಗೆ ಹೋಲಿಸಿ ತಮಾಷೆ ಮಾಡಿದರು. ಮೌನಿಗೆ ಹೇಳಲು ಏನೂ ಇರಲಿಲ್ಲವೆಂದಲ್ಲ. ಇತರರೆಲ್ಲ ತನಗಿಂತ ತಿಳಿದವರೆಂಬ ಭಾವನೆ, ಮಾತನಾಡಬೇಕೆಂದು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಚರ್ಚೆ ಬೇರೆ ವಿಷಯಕ್ಕೆ ಹೊರಳಿಬಿಡುವುದು — ಇವೇ ಅವರಿಗೆ ಅಡ್ಡಿಯಾಗಿದ್ದವು. ಇಂದು ವಿದೇಶದ ತರಗತಿಗಳಲ್ಲಿ ಕುಳಿತಿರುವ ಎಷ್ಟೋ ಮಂದಿಗೆ ಇದು ತಮ್ಮದೇ ಕಥೆಯೆನಿಸೀತು.

ಸಂಘದಲ್ಲಿ ಗಂಭೀರವಾದ ವಿವಾದವೊಂದು ಎದ್ದಾಗ ಈ ಮೌನ ಮುರಿಯಬೇಕಾಯಿತು. ಸಂತಾನ ನಿಯಂತ್ರಣದ ಕೃತಕ ವಿಧಾನಗಳನ್ನು ಪ್ರಚಾರ ಮಾಡುತ್ತಿದ್ದ ಡಾ. ಅಲಿನ್ಸನ್ ಅವರನ್ನು ಹೊರಹಾಕಬೇಕೆಂದು ಅಧ್ಯಕ್ಷರಾದ ಹಿಲ್ಸ್ ಹಟ ಹಿಡಿದರು. ಹಿಲ್ಸ್ ಸಂಘಕ್ಕೆ ಹಣ ಒದಗಿಸುತ್ತಿದ್ದ ದೊಡ್ಡ ಉದ್ಯಮಿ. ಗಾಂಧಿಯವರಿಗೆ ಅವರ ಮೇಲೆ ಗೌರವವಿತ್ತು. ಅಲಿನ್ಸನ್ ಅವರ ಅಭಿಪ್ರಾಯ ಗಾಂಧಿಯವರಿಗೂ ಒಪ್ಪಿಗೆಯಿರಲಿಲ್ಲ. ಆದರೆ ಸಂಘದ ಉದ್ದೇಶ ಸಸ್ಯಾಹಾರದ ಪ್ರಚಾರ ಮಾತ್ರವಾಗಿರುವಾಗ, ಬೇರೆ ವಿಷಯದ ಮತಭೇದಕ್ಕಾಗಿ ಸದಸ್ಯನನ್ನು ತೆಗೆಯುವುದು ಅನ್ಯಾಯವೆಂದು ಅವರಿಗೆ ತೋರಿತು. ತಮ್ಮ ವಾದವನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋದರು. ಅದನ್ನು ಓದಲೂ ಧೈರ್ಯ ಸಾಲದಾಗ ಬೇರೊಬ್ಬರು ಓದಿದರು. ಅಲಿನ್ಸನ್ ಸೋತರು. ಆದರೆ ತಾನು ಗೌರವಿಸುವವರನ್ನು ವಿರೋಧಿಸುವುದು, ತಾನು ಒಪ್ಪದವರ ಹಕ್ಕನ್ನು ಸಮರ್ಥಿಸುವುದು, ವ್ಯಕ್ತಿಯನ್ನು ಬಿಟ್ಟು ವಿಷಯಕ್ಕೆ ನಿಲ್ಲುವುದು ಆ ಕಾಗದದಲ್ಲಿ ಸಿದ್ಧಿಸಿತ್ತು.

ಬರವಣಿಗೆ ಇಷ್ಟಕ್ಕೇ ನಿಲ್ಲಲಿಲ್ಲ. 1891ರ ಫೆಬ್ರವರಿಯಿಂದ 'ವೆಜಿಟೇರಿಯನ್' ಪತ್ರಿಕೆಯಲ್ಲಿ ಭಾರತದ ಸಸ್ಯಾಹಾರಿಗಳನ್ನು ಕುರಿತ ಅವರ ಲೇಖನಮಾಲೆ ಆರು ಕಂತುಗಳಲ್ಲಿ ಪ್ರಕಟವಾಯಿತು. ಬಳಿಕ ಹಬ್ಬಗಳ ಕುರಿತ ಲೇಖನಗಳು ಬಂದವು. ಭಾರತವನ್ನು ಕಾಣದ ಆಂಗ್ಲ ಓದುಗನಿಗೆ ಏನು ತಿಳಿದಿಲ್ಲ, ಎಲ್ಲಿಂದ ಹೇಳಲು ತೊಡಗಬೇಕು ಎಂಬುದನ್ನು ಊಹಿಸಿ ಬರೆದ ಸರಳ ಲೇಖನಗಳಿವು. ರೊಟ್ಟಿ ಮತ್ತು ಉಪ್ಪಿನಲ್ಲಿಯೇ ದಿನ ಕಳೆಯುವ ಬಡವರನ್ನು ಹೇಳುವಾಗ, ಆ ಉಪ್ಪಿನ ಮೇಲೆ ಭಾರೀ ತೆರಿಗೆಯಿದೆಯೆಂಬುದನ್ನೂ ಅವರು ಸೇರಿಸಿದ್ದರು. ದಂಡಿಯಾತ್ರೆ ನಡೆದದ್ದು ಇದಾದ 39 ವರ್ಷಗಳ ಮೇಲೆ, 1930ರಲ್ಲಿ.

ಮತ್ತೆ ಹೋಲ್ಬರ್ನ್

ಸಭಾಭಯ ಮಾತ್ರ ಕೊನೆಯವರೆಗೂ ತೊಲಗಲಿಲ್ಲ. ವೆಂಟ್ನರ್ ಎಂಬ ಊರಿನ ಸಭೆಯಲ್ಲಿ ಓದಲೆಂದು ಒಂದು ಹಾಳೆಯಷ್ಟು ಬರೆದುಕೊಂಡು ಎದ್ದು ನಿಂತಾಗ ಕಣ್ಣು ಮಂಜಾಗಿ, ಮೈ ನಡುಗಿ, ಉಳಿದದ್ದನ್ನು ಮಜಮುದಾರರು ಓದಬೇಕಾಯಿತು. 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆತು, 12ರಂದು ಅವರು ಸ್ವದೇಶಕ್ಕೆ ಹೊರಟರು. ಹೊರಡುವ ಮುನ್ನ ಮಿತ್ರರಿಗೆ ಭೋಜನಕೂಟ ಏರ್ಪಡಿಸಿದ್ದು, ಹಿಂದೆ ಹಸಿದು ಹೊರಬಂದಿದ್ದ ಅದೇ ಹೋಲ್ಬರ್ನ್ ಭೋಜನಶಾಲೆಯಲ್ಲಿ. ಈ ಬಾರಿ ಅಲ್ಲಿ ಬಡಿಸಿದ್ದು ಸಂಪೂರ್ಣ ಸಸ್ಯಾಹಾರ. ವಿನೋದವಾಗಿ ಮಾತನಾಡಬೇಕೆಂದು ಸಿದ್ಧಪಡಿಸಿಕೊಂಡಿದ್ದ ಭಾಷಣ ಮೊದಲ ವಾಕ್ಯದ ಮುಂದೆ ಸಾಗದೆ, ವಂದನೆ ಹೇಳಿ ಕುಳಿತರು. ಆದರೆ ವರ್ಷಗಳ ಹಿಂದೆ ಸೂಪಿನ ಬಗ್ಗೆ ಕೇಳಿದ್ದಕ್ಕೇ ಬೈಸಿಕೊಂಡಿದ್ದ ವಿದ್ಯಾರ್ಥಿ ಈಗ ಆ ಭೋಜನಶಾಲೆಯನ್ನೇ ತನ್ನ ನಿಯಮಕ್ಕೆ ಒಪ್ಪಿಸಿದ್ದನೆಂಬುದನ್ನು ಮರೆಯುವಂತಿಲ್ಲ.

ಫಲ ಕಂಡದ್ದು ಪ್ರಿಟೋರಿಯಾದಲ್ಲಿ

ಮುಂಬಯಿಯಲ್ಲಿ ದೊರೆತ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಗೆ ಒಂದು ಪ್ರಶ್ನೆಯನ್ನೂ ಕೇಳಲಾಗದೆ, 30 ರೂಪಾಯಿ ಶುಲ್ಕವನ್ನು ಹಿಂತಿರುಗಿಸಿ ಅವರು ಹೊರಬಂದರು. ರಾಜಕೋಟೆಯಲ್ಲಿ ಅವರ ಕೈಹಿಡಿದದ್ದು ಅರ್ಜಿ, ಮನವಿಗಳ ಬರವಣಿಗೆ. ಅದರಿಂದ ತಿಂಗಳಿಗೆ ಸರಾಸರಿ 300 ರೂಪಾಯಿ ದೊರೆಯುತ್ತಿತ್ತು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ಪ್ರಿಟೋರಿಯಾದ ಭಾರತೀಯ ವರ್ತಕರನ್ನು ಸೇರಿಸಿ ವ್ಯಾಪಾರದಲ್ಲಿ ಸತ್ಯಪಾಲನೆಯ ಬಗ್ಗೆ ಮಾತನಾಡಿದರು. ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಕರೆದದ್ದು ಇದನ್ನೇ. ವಿಷಯವನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದರು. ಎದುರಿಗಿದ್ದವರ ಕಷ್ಟ ಅವರಿಗೆ ಗೊತ್ತಿತ್ತು. ಅಲ್ಲಿಯೇ ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ ಮತ್ತು ಒಬ್ಬ ಅಂಗಡಿಕಾರನಿಗೆ, ಅವರವರ ಕಸುಬಿಗೆ ಬೇಕಾಗುವಷ್ಟು ಇಂಗ್ಲಿಷನ್ನು ಅವರಿದ್ದೆಡೆಗೇ ಹೋಗಿ ಕಲಿಸಿದರು. ಹಡಗಿನಲ್ಲಿ ಬಾಯಿ ತೆರೆಯಲಾಗದೆ ಕುಳಿತಿದ್ದವರು ಐದೇ ವರ್ಷಗಳಲ್ಲಿ ಇತರರಿಗೆ ಮಾತು ಕಲಿಸುವವರಾದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದವರೂ ಇವರೇ.

ಮಾತಿನ ಹಿಂಜರಿಕೆ ತಮಗೆ ಪದಗಳ ಮಿತವ್ಯಯವನ್ನು ಕಲಿಸಿತೆಂದು ಗಾಂಧಿಯವರು ಮುಂದೆ ಸಂತೋಷದಿಂದಲೇ ನೆನೆದರು. ಸಂಕೋಚವೇ ಗುಣವೆಂದು ಇದರಿಂದ ತಿಳಿಯಬೇಕಾಗಿಲ್ಲ. ಸಂಕೋಚವಿರುವಾಗಲೂ ಮಾಡಬಹುದಾದ ಕೆಲಸ ಬಹಳವಿದೆ ಎಂಬುದಷ್ಟೇ ತಾತ್ಪರ್ಯ.

ಇಂದಿನ ವಿದ್ಯಾರ್ಥಿಗೆ

ಇಂದಿನ ವಿದ್ಯಾರ್ಥಿಗೆ ಒಂದು ತೊಡಕು ಹೆಚ್ಚು. ಅನೇಕ ವಿದೇಶೀ ವಿಶ್ವವಿದ್ಯಾಲಯಗಳಲ್ಲಿ ತರಗತಿಯ ಚರ್ಚೆಗೂ ಅಂಕವಿರುತ್ತದೆ. ಮೌನವನ್ನು ಸಿದ್ಧತೆಯ ಕೊರತೆಯೆಂದು ಎಣಿಸುವ ಅಪಾಯವಿದೆ. ಅದರೊಡನೆ ಅನುಕೂಲಗಳೂ ಇವೆ. ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದೇ ಸಮಯ ಗೊತ್ತುಪಡಿಸಿರುತ್ತಾರೆ. ಬರವಣಿಗೆಗೆ ಸಲಹೆ ನೀಡುವ ಕೇಂದ್ರಗಳಿರುತ್ತವೆ. ಕೇಳಬೇಕಾದ ಪ್ರಶ್ನೆಯೊಂದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡು, ಚರ್ಚೆ ಹೊರಳುವ ಮೊದಲು, ಆರಂಭದಲ್ಲಿಯೇ ಕೇಳಿಬಿಡುವುದು ಒಳ್ಳೆಯ ಅಭ್ಯಾಸ. ತಮಗೆ ನಿಜವಾಗಿ ಆಸಕ್ತಿಯಿರುವ ಒಂದು ಸಣ್ಣ ಸಂಘವನ್ನು ಸೇರಿ, ಪತ್ರವ್ಯವಹಾರವನ್ನೋ ಲೆಕ್ಕವನ್ನೋ ವಹಿಸಿಕೊಂಡರೆ ಸ್ಥಳೀಯರೊಡನೆ ಮಾತು ತಾನಾಗಿ ಬೆಳೆಯುತ್ತದೆ.

ಹೆತ್ತವರಿಗೂ ಒಂದು ಮಾತು. ದೂರದ ದೇಶದಲ್ಲಿ ಓದುತ್ತಿರುವ ಮಕ್ಕಳು ಫೋನಿನಲ್ಲಿ ಮಾತನಾಡಿದಾಗ, ಇಂಗ್ಲಿಷ್ ಸರಾಗವಾಯಿತೇ ಎಂದು ವಿಚಾರಿಸುವುದು ಸಹಜ. ಅದರ ಜೊತೆಗೆ, ಅಲ್ಲಿ ಯಾರೊಡನೆ ಸೇರಿ ಯಾವ ಕೆಲಸ ಮಾಡುತ್ತಿದ್ದೀರಿ, ಈ ವಾರ ಏನನ್ನು ಬರೆದಿರಿ ಎಂದೂ ಕೇಳಿ ನೋಡಬಹುದು. ಮಕ್ಕಳ ಬೆಳವಣಿಗೆಯ ಸುಳಿವು ಆ ಉತ್ತರಗಳಲ್ಲಿ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ.