ಚಿಲ್ಲರೆ ಕಾರ್ಡುಗಳ ದಂಡು

‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದಲ್ಲಿ ‘ಲ್ಯಾನೊವಾರ್ ಎಲ್ವ್ಸ್’ ಅಂತ ಒಂದು ಕಾರ್ಡಿದೆ. ಮೇಲೆ ಬಲಮೂಲೆಯಲ್ಲಿ ಒಂದೇ ಒಂದು ಹಸಿರು ಚಿಹ್ನೆ; ಅದನ್ನು ಕಣಕ್ಕಿಳಿಸಲು ತೆರಬೇಕಾದ ಬೆಲೆ ಅಷ್ಟೇ. ಕೆಳಗೆ ಬಲಮೂಲೆಯಲ್ಲಿ 1/1 ಎಂಬ ಅಂಕಿ. ಒಂದು ಪೆಟ್ಟು ಕೊಡಬಲ್ಲದು, ಒಂದು ಪೆಟ್ಟು ತಿಂದರೆ ಸತ್ತಿತು. ನಡುವೆ ಒಂದು ಸಾಲಿನ ವಿದ್ಯೆ: ಕಾರ್ಡನ್ನು ಅಡ್ಡ ತಿರುಗಿಸಿದರೆ ಒಂದು ಹಸಿರು ಮನಾ, ಅಂದರೆ ಕಾರ್ಡು ಇಳಿಸಲು ಬೇಕಾದ ಶಕ್ತಿ, ಕೊಡುತ್ತದೆ. 1993ರ ಮೊಟ್ಟಮೊದಲ ಮುದ್ರಣದಲ್ಲೇ ಇದ್ದ ಈ ಕಾರ್ಡು ಆಮೇಲೆ ಎಷ್ಟೋ ಸಲ ಮರುಮುದ್ರಣಗೊಂಡಿದೆ. ಹಾಗಾಗಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದೇ ಮೊದಲ ಮುದ್ರಣದ ‘ಬ್ಲಾಕ್ ಲೋಟಸ್’ ಕಾರ್ಡಿನ ಒಂದು ಪ್ರತಿ 2021ರ ಜನವರಿಯಲ್ಲಿ 5,11,100 ಡಾಲರಿಗೆ ಹರಾಜಾಯಿತು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಬ್ಲಾಕ್ ಲೋಟಸ್. ಓದಿದವರು ಇದು ದುಡ್ಡಿದ್ದವರ ಆಟ ಎಂದುಕೊಂಡು ಪುಟ ತಿರುಗಿಸುತ್ತಾರೆ. ಲ್ಯಾನೊವಾರ್ ಎಲ್ವ್ಸ್‌ನಂಥ ಕಾರ್ಡುಗಳನ್ನೇ ಕೂಡಿಸಿ ಒಂದು ದಂಡು ಕಟ್ಟಬಹುದು, ಆ ದಂಡು ದೊಡ್ಡ ಸ್ಪರ್ಧೆಗಳಲ್ಲೂ ನಿಲ್ಲುತ್ತದೆ ಎಂಬುದು ಆಡುವವರಿಗಷ್ಟೇ ಗೊತ್ತಿರುವ ಸಂಗತಿ.

ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನ 52 ಎಲೆಗಳನ್ನು ಹಂಚಿಕೊಂಡು ಆಡುತ್ತಾರೆ. ಮ್ಯಾಜಿಕ್‌ನಲ್ಲಿ ಪ್ರತಿಯೊಬ್ಬರೂ ತಮ್ಮದೇ ಕಟ್ಟನ್ನು, ಅಂದರೆ ಡೆಕ್ಕನ್ನು, ಮೊದಲೇ ಜೋಡಿಸಿಕೊಂಡು ಬರಬೇಕು. ಕನಿಷ್ಠ 60 ಕಾರ್ಡು. ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಬೇಸಿಕ್ ಲ್ಯಾಂಡ್‌ಗಳಿಗೆ ಈ ಮಿತಿಯಿಲ್ಲ. ಇಬ್ಬರಿಗೂ 20 ಲೈಫ್, ಕೈಯಲ್ಲಿ ಏಳು ಕಾರ್ಡು. ಸರದಿಗೊಂದು ಲ್ಯಾಂಡ್ ಇಳಿಸಬಹುದು. ಲ್ಯಾಂಡ್ ಮನಾ ಕೊಡುತ್ತದೆ, ಮನಾ ಖರ್ಚು ಮಾಡಿ ಜೀವಿಗಳನ್ನು ಕರೆಸುತ್ತೀರಿ, ಮಂತ್ರ ಹಾಕುತ್ತೀರಿ. ಎದುರಾಳಿಯ ಲೈಫ್ ಸೊನ್ನೆಯಾದರೆ ಗೆದ್ದಿರಿ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ. ಹಸಿರಿಗೆ ಮನಾ ಕೊಡುವ ಲ್ಯಾಂಡ್ ‘ಫಾರೆಸ್ಟ್’.

ಈ ಆಟ ಹುಟ್ಟಿದ್ದೇ ಕೈ ಬಿಗಿಯಿದ್ದ ಕಾಲದಲ್ಲಿ. ರಿಚರ್ಡ್ ಗಾರ್ಫೀಲ್ಡ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧಕ. ಅವರ ವಿಷಯ ಕಾಂಬಿನೇಟರಿಕ್ಸ್, ಜೋಡಣೆಗಳನ್ನು ಎಣಿಸುವ ಗಣಿತ. ‘ರೋಬೊರ‍್ಯಾಲಿ’ ಎಂಬ ಬೋರ್ಡ್ ಆಟ ಹಿಡಿದುಕೊಂಡು ಅವರು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿಯ ಪೀಟರ್ ಆಡ್ಕಿಸನ್ ಅವರಲ್ಲಿಗೆ ಹೋದರು. ಅದನ್ನು ತಯಾರಿಸುವಷ್ಟು ಬಂಡವಾಳ ಕಂಪನಿಯಲ್ಲಿರಲಿಲ್ಲ. ಆಟಗಾರರ ಸಮಾವೇಶಗಳಲ್ಲಿ ಬಿಡುವು ಸಿಕ್ಕಾಗ ಜೇಬಿನಿಂದ ತೆಗೆದು ಆಡುವಂಥದ್ದು, ಅಚ್ಚು ಹಾಕಿಸಲು ಅಗ್ಗವಾದದ್ದು ಏನಾದರೂ ಮಾಡಿಕೊಡಿ ಎಂದು ಆಡ್ಕಿಸನ್ ಕೇಳಿದರು. 1993ರ ಆಗಸ್ಟ್‌ನಲ್ಲಿ 295 ಬಗೆಯ ಕಾರ್ಡುಗಳೊಂದಿಗೆ ಮ್ಯಾಜಿಕ್ ಹೊರಬಂತು. ಒಬ್ಬೊಬ್ಬರು ನಾಲ್ಕಾರು ಪ್ಯಾಕೆಟ್ ಕೊಳ್ಳಬಹುದು, ಭಾರಿ ಬಲದ ಅಪರೂಪದ ಕಾರ್ಡು ಗೆಳೆಯರ ಬಳಗದಲ್ಲಿ ಎಲ್ಲೋ ಒಬ್ಬರ ಕೈಗೆ ಬೀಳಬಹುದು ಎಂಬುದು ಗಾರ್ಫೀಲ್ಡ್ ಲೆಕ್ಕವಾಗಿತ್ತು. ಜನ ಡಬ್ಬಿಗಟ್ಟಲೆ ಕೊಂಡರು. ಲೆಕ್ಕ ತಲೆಕೆಳಗಾಯಿತು, ಕಾರ್ಡಿನ ಬಲಕ್ಕೂ ಜೇಬಿನ ಬಲಕ್ಕೂ ನಂಟು ಬೆಳೆಯಿತು.

ಆ ನಂಟನ್ನು ಕಡಿಯಲು ಆಟಗಾರರೇ ಕಂಡುಕೊಂಡ ದಾರಿ ‘ಪಾಪರ್’. ಹೆಚ್ಚಿನ ಕಾರ್ಡುಗಳ ಮೇಲೆ ಅದು ಯಾವ ಸೆಟ್ಟಿನದು, ಅಂದರೆ ಒಟ್ಟಿಗೆ ಹೊರಬಂದ ಯಾವ ಕಂತಿನದು, ಎಂದು ತೋರಿಸುವ ಸಣ್ಣ ಮುದ್ರೆ ಇರುತ್ತದೆ. 1998ರಿಂದೀಚೆಗೆ ಆ ಮುದ್ರೆಯ ಬಣ್ಣ ನೋಡಿದರೆ ಅದು ಎಷ್ಟು ಅಪರೂಪದ್ದು ಎಂದೂ ತಿಳಿಯುತ್ತದೆ: ಕಪ್ಪಾದರೆ ಕಾಮನ್, ಬೆಳ್ಳಿಯಾದರೆ ಅನ್‌ಕಾಮನ್, ಚಿನ್ನದ್ದಾದರೆ ರೇರ್. 2008ರಲ್ಲಿ ಅದಕ್ಕೂ ಮೇಲೆ ‘ಮಿಥಿಕ್’ ಬಂತು. ಪಾಪರ್ ಪಂದ್ಯದಲ್ಲಿ ಒಂದೇ ಕಟ್ಟಳೆ: ಯಾವುದಾದರೂ ಒಂದು ಮುದ್ರಣದಲ್ಲಿ ಕಾಮನ್ ಆಗಿ ಬಂದ ಕಾರ್ಡಿಗಷ್ಟೇ ಪ್ರವೇಶ. ಇಂಟರ್ನೆಟ್ಟಿನಲ್ಲಿ ಆಡುವವರಿಗೆ 2008ರ ಕೊನೆಯಲ್ಲಿ ಕಂಪನಿಯ ಮನ್ನಣೆ ಸಿಕ್ಕಿತು, ಮೇಜಿನ ಮೇಲೆ ಆಡುವವರಿಗೆ 2019ರಲ್ಲಿ. 2022ರಿಂದ ಯಾವ ಕಾರ್ಡು ನಿಷೇಧಿಸಬೇಕೆಂದು ನೋಡಿಕೊಳ್ಳಲು ಗ್ಯಾವಿನ್ ವೆರ್ಹಿ ನೇತೃತ್ವದ ಸಮಿತಿ ಇದೆ, ಅದರಲ್ಲಿ ಆಟಗಾರರೇ ಕೂತಿದ್ದಾರೆ. ಇಟಲಿಯಲ್ಲಂತೂ ‘ಪಾಪರ್‌ಗೆಡನ್’ ಹೆಸರಿನ ದೊಡ್ಡ ಪಂದ್ಯಾವಳಿಯೇ ನಡೆಯುತ್ತದೆ.

ಕಾಮನ್ ಕಾರ್ಡು ಒಂಟಿಯಾಗಿ ದುರ್ಬಲ, ನಿಜ. ಆದರೆ ಒಂದೇ ಕುಲದ ಕಾರ್ಡುಗಳನ್ನು ಕೂಡಿಸಿದರೆ ಲೆಕ್ಕವೇ ಬೇರೆ. ಮ್ಯಾಜಿಕ್‌ನಲ್ಲಿ ಪ್ರತಿ ಜೀವಿಗೂ ಕುಲವಿದೆ: ಎಲ್ಫ್, ಗಾಬ್ಲಿನ್, ಫೇರಿ, ಸ್ಲಿವರ್. ಕೆಲವು ಕಾರ್ಡುಗಳು ತಮ್ಮ ಕುಲದವರು ಕಣದಲ್ಲಿ ಎಷ್ಟಿದ್ದಾರೆಂದು ಎಣಿಸಿ ಅಷ್ಟು ಬಲ ಕೊಡುತ್ತವೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯ ಹಾಗೆ, ಒಬ್ಬರ ಹೊಲದಲ್ಲಿ ಹತ್ತು ಜನ, ಹತ್ತು ಜನರ ಹೊಲದಲ್ಲೂ ಅದೇ ಹತ್ತು ಜನ. ಹೀಗೆ ಒಂದೇ ಕುಲ ಕೂಡಿಸಿದ ಥೀಮ್ ಡೆಕ್ ಎಂದರೆ ಬರೀ ಚಂದಕ್ಕೆ ಕಟ್ಟಿದ್ದು, ಗೆಲ್ಲಬೇಕಾದರೆ ದುಬಾರಿ ಕಾರ್ಡೇ ಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಕಟ್ಟುವವರಿಗೆ ಥೀಮೇ ಬಂಡವಾಳ.

ಹಸಿರು ಎಲ್ಫ್ ಡೆಕ್ಕನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಂದೇ ಬಣ್ಣವಾದ್ದರಿಂದ ಲ್ಯಾಂಡ್ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಎರಡು ಮೂರು ಬಣ್ಣ ಬೆರೆಸಿದಾಗ ಬೇಕಾಗುವ ವಿಶೇಷ ಲ್ಯಾಂಡ್‌ಗಳೇ ಎಷ್ಟೋ ಡೆಕ್‌ಗಳಲ್ಲಿ ಅತಿ ದುಬಾರಿ ಭಾಗ. ಇಲ್ಲಿ ಬರೀ ಫಾರೆಸ್ಟ್, ಅದೂ ಹದಿನಾಲ್ಕು ಸಾಕು. ಮಾಮೂಲಿ ಡೆಕ್‌ನಲ್ಲಿ 24ರ ಆಸುಪಾಸು ಲ್ಯಾಂಡ್ ಇರುತ್ತವೆ. ಇಲ್ಲಿ ಎಲ್ಫ್‌ಗಳೇ ಮನಾ ಕೊಡುವುದರಿಂದ ಅಷ್ಟು ಬೇಕಿಲ್ಲ.

ಮೊದಲ ಸರದಿಯಲ್ಲೇ ಮನಾ ಕೊಡುವ ಎಲ್ಫ್ ಒಂದು ಇಳಿಯಬೇಕು, ಇದು ಡೆಕ್ಕಿನ ಬುನಾದಿ. ಲ್ಯಾನೊವಾರ್ ಎಲ್ವ್ಸ್ ನಾಲ್ಕು ಹಾಕಿದರೆ ಮೊದಲ ಏಳು ಕಾರ್ಡುಗಳಲ್ಲಿ ಒಂದಾದರೂ ಬರುವ ಸಂಭವ ಶೇ 40 ಮಾತ್ರ. ನಾಲ್ಕರ ಮಿತಿ ದಾಟುವಂತಿಲ್ಲ. ಆದರೆ 1995ರ ‘ಐಸ್ ಏಜ್’ ಸೆಟ್ಟಿನಲ್ಲಿ ‘ಫಿಂಡ್‌ಹಾರ್ನ್ ಎಲ್ವ್ಸ್’ ಬಂತು. ಬೆಲೆ, ಬಲ, ವಿದ್ಯೆ ಎಲ್ಲ ಅದೇ, ಹೆಸರು ಮಾತ್ರ ಬೇರೆ. 2013ರಲ್ಲಿ ‘ಎಲ್ವಿಷ್ ಮಿಸ್ಟಿಕ್’ ಬಂತು, ಅದೂ ಹಾಗೆಯೇ. ಎರಡು ಹೆಸರಿನವು ಸೇರಿ ಎಂಟಾದರೆ ಸಂಭವ ಶೇ 65, ಮೂರೂ ಸೇರಿ ಹನ್ನೆರಡಾದರೆ ಶೇ 81. ಮೂರೂ ಕಾಮನ್. ಐದು ಆಟದಲ್ಲಿ ನಾಲ್ಕು ಸಲ ಮೊದಲ ಕೈಯಲ್ಲೇ ಎಲ್ಫ್ ಇರುತ್ತದೆ ಎಂಬ ಭರವಸೆ ಯಾವ ದುಬಾರಿ ಕಾರ್ಡಿನಿಂದಲೂ ಬಂದದ್ದಲ್ಲ, ಎಣಿಕೆಯಿಂದ ಬಂದದ್ದು.

ಇದರ ಮೇಲೆ ಎರಡು ಕಾರ್ಡು. ‘ಪ್ರೀಸ್ಟ್ ಆಫ್ ಟೈಟಾನಿಯಾ’ ಎರಡು ಮನಾಕ್ಕೆ ಇಳಿಯುತ್ತದೆ. ಅಡ್ಡ ತಿರುಗಿಸಿದರೆ ಕಣದಲ್ಲಿ ಎಷ್ಟು ಎಲ್ಫ್ ಇವೆಯೋ ಅಷ್ಟು ಮನಾ. ‘ಕ್ವಿರಿಯನ್ ರೇಂಜರ್’ ಒಂದು ಮನಾದ್ದು. ಸರದಿಗೊಮ್ಮೆ ಒಂದು ಫಾರೆಸ್ಟನ್ನು ಕೈಗೆ ವಾಪಸು ತೆಗೆದುಕೊಂಡರೆ, ಅಡ್ಡ ತಿರುಗಿದ ಒಂದು ಜೀವಿಯನ್ನು ನೆಟ್ಟಗೆ ಮಾಡುತ್ತದೆ. ಬಿಡಿಯಾಗಿ ನೋಡಿದರೆ ಇದರಲ್ಲೇನು ಲಾಭ ಎನ್ನಿಸುತ್ತದೆ.

ಆಟ ನೋಡಿ. ಮೊದಲ ಸರದಿ: ಫಾರೆಸ್ಟ್, ಲ್ಯಾನೊವಾರ್. ಎರಡನೆಯದು: ಇನ್ನೊಂದು ಫಾರೆಸ್ಟ್, ಈಗ ಮೂರು ಮನಾ, ಅದರಲ್ಲಿ ಒಂದು ಮಿಸ್ಟಿಕ್, ಒಂದು ಪ್ರೀಸ್ಟ್. ಮೂರನೆಯ ಸರದಿಗೆ ಕೈಯಲ್ಲಿ ಲ್ಯಾಂಡ್ ಇಲ್ಲ, ರೇಂಜರ್ ಇದೆ ಅನ್ನಿ. ಎರಡು ಫಾರೆಸ್ಟ್‌ನಿಂದ ಎರಡು, ಲ್ಯಾನೊವಾರ್ ಮತ್ತು ಮಿಸ್ಟಿಕ್‌ನಿಂದ ತಲಾ ಒಂದು, ಒಟ್ಟು ನಾಲ್ಕು. ಒಂದನ್ನು ಖರ್ಚು ಮಾಡಿ ರೇಂಜರ್ ಇಳಿಸಿದಿರಿ. ಕಣದಲ್ಲಿ ನಾಲ್ಕು ಎಲ್ಫ್ ಆದವು. ಪ್ರೀಸ್ಟ್ ತಿರುಗಿಸಿ, ನಾಲ್ಕು ಮನಾ. ಖಾಲಿಯಾದ ಒಂದು ಫಾರೆಸ್ಟನ್ನು ಕೈಗೆ ತೆಗೆದುಕೊಂಡು ಪ್ರೀಸ್ಟನ್ನು ನೆಟ್ಟಗೆ ಮಾಡಿ, ಮತ್ತೆ ತಿರುಗಿಸಿ, ಮತ್ತೆ ನಾಲ್ಕು. ಈ ಸರದಿಯ ಲ್ಯಾಂಡ್ ಇನ್ನೂ ಇಳಿಸಿಲ್ಲವಲ್ಲ, ಅದೇ ಫಾರೆಸ್ಟನ್ನು ಮತ್ತೆ ಇಳಿಸಿದರೆ ಇನ್ನೊಂದು. ಒಟ್ಟು ಹದಿಮೂರು ಮನಾ. ಮೂರನೆಯ ಸರದಿಯಲ್ಲಿ ಬರೀ ಲ್ಯಾಂಡ್ ನಂಬಿದವರಿಗೆ ದಕ್ಕುವುದು ಮೂರು.

ಇಷ್ಟು ಮನಾ ಬಂದಮೇಲೆ ಸುರಿಯಲು ಕಾರ್ಡು ಬೇಕು. ‘ಲೀಡ್ ದಿ ಸ್ಟ್ಯಾಂಪೀಡ್’ ಮೇಲಿನ ಐದು ಕಾರ್ಡು ನೋಡಿ ಅದರಲ್ಲಿರುವ ಜೀವಿಗಳನ್ನೆಲ್ಲ ಕೈಗೆ ಕೊಡುತ್ತದೆ. ‘ವೈಂಡಿಂಗ್ ವೇ’ ನಾಲ್ಕು ಕಾರ್ಡಿನಿಂದ ಅದೇ ಕೆಲಸ ಮಾಡುತ್ತದೆ. ‘ಲಿಸ್ ಅಲಾನಾ ಹಂಟ್‌ಮಾಸ್ಟರ್’ ಇದ್ದರೆ ನೀವು ಕರೆಸುವ ಪ್ರತಿ ಎಲ್ಫ್ ಜತೆ ಇನ್ನೊಂದು ಪುಟ್ಟ ಎಲ್ಫ್ ಪುಕ್ಕಟೆ. ‘ಟಿಂಬರ್‌ವಾಚ್ ಎಲ್ಫ್’ ಮತ್ತೆ ಎಣಿಸುವ ಜಾತಿಯದು: ಕಣದಲ್ಲಿ ಎಂಟು ಎಲ್ಫ್ ಇದ್ದರೆ, ಯಾರೂ ತಡೆಯದೆ ಬಿಟ್ಟ 1/1 ಎಲ್ಫ್ ಒಂದು 9/9 ಆಗಿ ಬಡಿಯುತ್ತದೆ. ಇವನ್ನೆಲ್ಲ ನಾಲ್ಕು ನಾಲ್ಕು ಹಾಕಿದರೆ ಫಾರೆಸ್ಟೂ ಸೇರಿ ಐವತ್ತಾಯಿತು. ಉಳಿದ ಹತ್ತರಲ್ಲಿ ನಿಮ್ಮ ರುಚಿಗೆ ತಕ್ಕಂತೆ ‘ನೆಟ್ಲ್ ಸೆಂಟಿನೆಲ್’, ಲೈಫ್ ಕೂಡಿಸುವ ‘ವೆಲ್‌ವಿಷರ್’ ಸೇರಿಸಿಕೊಳ್ಳಿ.

ಕೊಳ್ಳುವಾಗ, ಒಳಗೆ ಯಾವ ಕಾರ್ಡಿದೆಯೋ ಗೊತ್ತಿಲ್ಲದ ಬೂಸ್ಟರ್ ಪ್ಯಾಕ್ ಕಡೆ ಹೋಗಲೇಬೇಡಿ. ಪ್ಯಾಕ್ ಒಡೆಯುವ ಸಂತೋಷ ಬೇರೆ, ಡೆಕ್ ಕಟ್ಟುವ ಕೆಲಸ ಬೇರೆ. ಬಿಡಿ ಕಾರ್ಡುಗಳನ್ನೇ ಕೇಳಿ ಕೊಳ್ಳಿ, ಅಂಚು ಸವೆದದ್ದಾದರೂ ಪರವಾಗಿಲ್ಲ. ಸ್ಲೀವ್‌ಗೆ, ಅಂದರೆ ಪ್ಲಾಸ್ಟಿಕ್ ಕವಚಕ್ಕೆ, ಹಾಕಿದ ಮೇಲೆ ಆಟಕ್ಕೆ ಹೊಸದೂ ಸವೆದದ್ದೂ ಒಂದೇ. ನಮ್ಮಲ್ಲಿಗೆ ಕಾರ್ಡುಗಳು ಹೊರದೇಶದಿಂದ ಬರಬೇಕಾದ್ದರಿಂದ ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿದರೆ ಸಾಗಣೆಯ ಹೊರೆ ಹಗುರಾಗುತ್ತದೆ. ಕಾಮನ್ ಎಂದಾಕ್ಷಣ ಅಗ್ಗ ಎಂದೂ ತಿಳಿಯಬೇಡಿ. 1993ರ ‘ಅರೇಬಿಯನ್ ನೈಟ್ಸ್’ ಸೆಟ್ಟಿನ ‘ಊಬ್ಲಿಯೆಟ್’ ಕಾಮನ್ ಕಾರ್ಡೇ. ಆದರೆ ಆ ಸೆಟ್ ಅಚ್ಚಾದದ್ದು ಕಡಿಮೆ, ಪಾಪರ್ ಆಡುವ ಹಲವರಿಗೆ ಅದು ಬೇಕಿತ್ತು. 2020ರಲ್ಲಿ ಮರುಮುದ್ರಣವಾಗುವ ತನಕ ಬಡವರ ಆಟದಲ್ಲೇ ಅದು ಶ್ರೀಮಂತ ಕಾರ್ಡಾಗಿತ್ತು. ಎಲ್ಫ್ ಡೆಕ್‌ನಲ್ಲೂ ಪ್ರೀಸ್ಟ್, ರೇಂಜರ್ ಉಳಿದವಕ್ಕಿಂತ ತುಸು ಹೆಚ್ಚು ಕೇಳಬಹುದು. ಬಜೆಟ್ಟಿನ ಮೊದಲ ಪಾಲು ಅವಕ್ಕೇ ಇರಲಿ.

ದುಡ್ಡು ಕೊಡುವ ಮುನ್ನ ಆಡಿ ನೋಡುವ ಉಪಾಯವೂ ಇದೆ. ಹಳೆಯ ಇಸ್ಪೀಟು ಎಲೆಯನ್ನು ಸ್ಲೀವ್‌ಗೆ ಹಾಕಿ, ಅದರ ಮುಂದೆ ಕಾರ್ಡಿನ ಹೆಸರು, ಬೆಲೆ, ವಿದ್ಯೆ ಬರೆದ ಚೀಟಿ ಸಿಕ್ಕಿಸುವುದು. ಅಧಿಕೃತ ಪಂದ್ಯಕ್ಕೆ ಇದು ನಡೆಯುವುದಿಲ್ಲ, ಮನೆಯ ಮೇಜಿಗೆ ಧಾರಾಳ ನಡೆಯುತ್ತದೆ. ಕೆಲವು ಆಟ ಆಡಿದರೆ ಯಾವ ಚೀಟಿ ಕೈಗೆ ಬಂದಾಗ ಹಿಗ್ಗು, ಯಾವುದು ಬಂದಾಗ ಬೇಸರ ಎಂದು ಗೊತ್ತಾಗುತ್ತದೆ. ಬೇಸರ ತರುವ ಕಾರ್ಡನ್ನು ಕೊಳ್ಳಬೇಡಿ, ಯಾವ ಪಟ್ಟಿಯಲ್ಲಿದ್ದರೂ ಸರಿ.

ಈ ದಂಡಿಗೆ ಒಂದು ದೊಡ್ಡ ಶತ್ರುವಿದೆ. ಕೆಂಪು ಡೆಕ್ಕಿನ ‘ಎಲೆಕ್ಟ್ರಿಕರಿ’ ಎಂಬ ಮಂತ್ರ, ಪೂರ್ತಿ ಬೆಲೆ ಕೊಟ್ಟು ಹಾಕಿದರೆ, ಎದುರಿನವರ ಪ್ರತಿ ಜೀವಿಗೂ ಒಂದೊಂದು ಪೆಟ್ಟು ಕೊಡುತ್ತದೆ. 1/1ಗಳ ಸಾಲು ಒಮ್ಮೆಗೇ ಗುಡಿಸಿ ಹೋಗುತ್ತದೆ. ಕಪ್ಪು ಡೆಕ್ಕಿನ ‘ಕ್ರಿಪ್ಟ್ ರ‍್ಯಾಟ್ಸ್’ ಅದಕ್ಕಿಂತ ಘೋರ. ಮೊದಲ ಆಟ ಮುಗಿದ ಮೇಲೆ ಬದಲಿಸಿಕೊಳ್ಳಲು 15 ಕಾರ್ಡುಗಳ ಸೈಡ್‌ಬೋರ್ಡ್ ಇರುವುದು ಇದಕ್ಕೇ. ಅದರಲ್ಲಿ ‘ಸ್ಪೈಡರ್‌ಸಿಲ್ಕ್ ಆರ್ಮರ್’ ಮೂರು ಇಟ್ಟುಕೊಳ್ಳಿ. ಅದು ಕಣದಲ್ಲಿದ್ದರೆ ನಿಮ್ಮ ಪ್ರತಿ ಜೀವಿಯೂ ಇನ್ನೊಂದು ಪೆಟ್ಟು ತಾಳುತ್ತದೆ, ಎಲೆಕ್ಟ್ರಿಕರಿ ವ್ಯರ್ಥವಾಗುತ್ತದೆ. ಅದು ಕೈಗೆ ಬರುವ ತನಕ ಎದುರಾಳಿಯ ‘ಮೌಂಟನ್’ಗಳ, ಅಂದರೆ ಕೆಂಪು ಮನಾ ಕೊಡುವ ಲ್ಯಾಂಡ್‌ಗಳ, ಮೇಲೆ ಕಣ್ಣಿರಲಿ. ಮೂರು ಮೌಂಟನ್ ಖರ್ಚು ಮಾಡದೆ ಸುಮ್ಮನೆ ಸರದಿ ಬಿಟ್ಟುಕೊಟ್ಟರು ಎಂದರೆ ಮಂತ್ರ ಕೈಯಲ್ಲಿರಬಹುದು. ಆಗ ಮನಾ ಎಷ್ಟೇ ಇದ್ದರೂ ಎಲ್ಲ ಎಲ್ಫ್‌ಗಳನ್ನೂ ಕಣಕ್ಕೆ ಸುರಿಯಬೇಡಿ. ಒಂದು ಹಂಟ್‌ಮಾಸ್ಟರ್, ಒಂದು ಲೀಡ್ ದಿ ಸ್ಟ್ಯಾಂಪೀಡ್ ಕೈಯಲ್ಲಿ ಉಳಿದಿದ್ದರೆ ಗುಡಿಸಿಹೋದ ದಂಡನ್ನು ಎರಡೇ ಸರದಿಯಲ್ಲಿ ಮತ್ತೆ ಕಟ್ಟಬಹುದು.