‘ಇವತ್ತು ಕೂತ್ಕೋ ಮರಿ’

ಬೆಳಗಿನ ಐದೂಕಾಲಿಗೇ ಗುದ್ದಲಿಯ ಸದ್ದು. ಮೈಸೂರಿನ ಹಳೇ ಮೊಹಲ್ಲಾ, ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿ. ಗರಡಿಯ ಬಾಗಿಲಲ್ಲಿ ನಾನು ತಲೆ ತಗ್ಗಿಸಿದೆ. ನನ್ನ ಅಕ್ಕನ ಮಗ ಆರಡಿಯವನು, ಬೆನ್ನೇ ಬಗ್ಗಿಸಿದ. ಒಳಗೆ ಕಿಟಕಿಯಿಲ್ಲ. ಮಾಡಿನ ಗವಾಕ್ಷಿಗೆ ಇನ್ನೂ ಬೆಳಕು ಬಂದಿರಲಿಲ್ಲ, ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಅದರಡಿ ಕೆಮ್ಮಣ್ಣಿನ ಮಟ್ಟಿ. ನಾಲ್ಕು ಹುಡುಗರು ಲಂಗೋಟಿ ಬಿಗಿದು ಅದನ್ನು ಅಗೆದು ಮಗುಚುತ್ತಿದ್ದರು. ವರ್ಷಗಟ್ಟಲೆ ಎಣ್ಣೆ, ಅರಿಶಿನ, ಬೆವರು ಕುಡಿದ ಮಣ್ಣು ತಿರುವಿದಾಗ ಏಳುವ ವಾಸನೆ ಹೇಗಿರುತ್ತದೆಂದು ಹೇಳುವುದು ಕಷ್ಟ. ಹಸಿ ಮಡಕೆಗೆ ಹರಳೆಣ್ಣೆ ಸವರಿದ ಹಾಗೆ ಅನ್ನಬಹುದೇನೋ.

“ಇದು ವಾರ್ಮ್ ಅಪ್ ಮಾವ,” ಅಂದ ಅಳಿಯ, ಪಿಸುದನಿಯಲ್ಲಿ. “ಬೇಕಂತಲೇ ಅವರ ಕೈಲೇ ಅಗೆಸ್ತಾರೆ.”

ಅವನು ಬೆಂಗಳೂರಿನ ಒಂದು ಕ್ರೀಡಾ ಅಕಾಡೆಮಿಯಲ್ಲಿ ಸ್ಟ್ರೆಂಗ್ತ್ ಅಂಡ್ ಕಂಡೀಷನಿಂಗ್ ಕೋಚ್. ಆಟ ಕಲಿಸುವವನಲ್ಲ, ಆಟಕ್ಕೆ ಬೇಕಾದ ಮೈಯನ್ನು ಕಟ್ಟುವವನು. ಮುಂದಿನ ತಿಂಗಳು ಅದರದೊಂದು ದೊಡ್ಡ ಪರೀಕ್ಷೆ. ಚೀಲದಲ್ಲಿ ದಿಂಬಿನಷ್ಟು ದಪ್ಪದ ಪುಸ್ತಕ. ಗುದ್ದಲಿ ಬೀಸಿದಾಗ ಸ್ನಾಯುವಿನ ಬಿಸಿ ಏರುತ್ತದೆ, ಬಿಸಿಯಾದ ಸ್ನಾಯು ಬೇಗ ಕುಗ್ಗಿ ಬೇಗ ಸಡಿಲಾಗುತ್ತದೆ, ನರದ ಸಂದೇಶವೂ ಚುರುಕಾಗುತ್ತದೆ ಎಂದು ಅವನು ವಿವರಿಸಿದ. ಮಟ್ಟಿಯ ಆಚೆ ತುದಿಯಲ್ಲಿ ಆಂಜನೇಯನ ಪಟದ ಕೆಳಗೆ ಕೂತಿದ್ದ ಉಸ್ತಾದರಿಗೆ ಇದೊಂದೂ ಕೇಳಿಸಿದಂತೆ ಕಾಣಲಿಲ್ಲ. ಎಪ್ಪತ್ತು ದಾಟಿದ ಮೈ, ಹೆಗಲ ಮೇಲೆ ಟವೆಲ್ಲು, ಕೈಯಲ್ಲೊಂದು ಬೆತ್ತ, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮಡಿಚಿಹೋದ ಎರಡು ಕಿವಿ. ಅವರು ನೋಡುತ್ತಿದ್ದದ್ದು ಅಗೆಯುವವರ ಕಾಲನ್ನು.

ದಸರಾ ಹತ್ತಿರ ಬಂದಿತ್ತು. ಇನ್ನು ಹತ್ತೇ ದಿನಕ್ಕೆ ಜೋಡಿ ಕಟ್ಟುತ್ತಾರೆ. ಯಾರ ಎದುರು ಯಾರು ಅನ್ನುವುದು ಅಂದು ನಿಕ್ಕಿ. ಅದಕ್ಕೇ ಗರಡಿಯಲ್ಲಿ ಒಂದು ಬಗೆಯ ಅವಸರ. ಮಟ್ಟಿ ಹದವಾದದ್ದೇ ತಡ, ದಂಡ ಶುರುವಾಯಿತು, ಅದರ ಹಿಂದೆಯೇ ಬಸ್ಕಿ. ಎದ್ದು ಕೂತು ಎದ್ದು ಕೂತು, ಉಸಿರು ಗರಗಸದಂತೆ ಒಂದೇ ಲಯ. ಒಬ್ಬ ಎಣಿಸುತ್ತಿದ್ದ: ಇನ್ನೂರ ಹತ್ತು, ಇನ್ನೂರ ಹನ್ನೊಂದು...

ಇಲ್ಲಿ ಅಳಿಯನಿಗೆ ಸುಮ್ಮನಿರಲಾಗಲಿಲ್ಲ. ಐನೂರು ಬಸ್ಕಿ ಹೊಡೆಯುವವನಿಗೆ ತಾಳಿಕೆ ಇದೆ, ನಿಜ. ಆದರೆ ಐನೂರೊಂದನೆಯ ಬಸ್ಕಿ ಅವನ ಬಲವನ್ನು ಹೆಚ್ಚಿಸುವುದಿಲ್ಲ. ಬಲ ಬೇಕಾದರೆ ಭಾರ ಹೆಚ್ಚಬೇಕು, ಎಣಿಕೆ ಇಳಿಯಬೇಕು. ಇದರ ಹಿಂದಿರುವುದು 1957ರಲ್ಲಿ ಎಲ್ವುಡ್ ಹೆನ್ನೆಮನ್ ಬೆಕ್ಕುಗಳ ನರಗಳಲ್ಲಿ ಕಂಡ ನಿಯಮ. ಹಗುರ ಕೆಲಸಕ್ಕೆ ದೇಹ ಸಣ್ಣ ನರಕೋಶಗಳನ್ನೂ ಅವುಗಳ ಕೈಕೆಳಗಿನ ಸ್ನಾಯು ಎಳೆಗಳನ್ನೂ ಮೊದಲು ಕರೆಯುತ್ತದೆ. ದೊಡ್ಡವು ಏಳುವುದು ಭಾರ ಬಿದ್ದಾಗ, ಇಲ್ಲವೇ ಸಣ್ಣವು ಸೋತು ಕೈಚೆಲ್ಲಿದಾಗ. ಅಂಗಳ ಗುಡಿಸಲು ಯಾರೂ ಊರ ಜಟ್ಟಿಯನ್ನು ಎಬ್ಬಿಸುವುದಿಲ್ಲ. ತೇರಿನ ಗಾಲಿ ಹೂತಾಗ ಎಬ್ಬಿಸುತ್ತಾರೆ.

“ಅದಕ್ಕೇ ಅಲ್ವಾ ಅವು ಅಲ್ಲಿರೋದು?” ಎಂದು ಉಸ್ತಾದರು ಬೆತ್ತ ಚಾಚಿದರು. ಅವರ ಕಿವಿ ಮಡಿಚಿತ್ತೇ ಹೊರತು ಮಂದವಾಗಿರಲಿಲ್ಲ.

ಗೋಡೆ ಪಕ್ಕದಲ್ಲಿ ಗುಂಡುಕಲ್ಲುಗಳ ಸಾಲು. ಮೊದಲನೆಯದು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಕೊನೆಯದನ್ನು ತಬ್ಬಿದರೆ ಕೈ ಕೂಡುವುದಿಲ್ಲ. ಹೊಸಬ ಮೊದಲನೆಯದರಿಂದ ಶುರುಮಾಡಬೇಕು. ಮುಂದಿನ ಕಲ್ಲಿಗೆ ಯಾವಾಗ ಹೋಗಬೇಕೆಂದು ಹೇಳುವವರು ಉಸ್ತಾದರೇ, ಹುಡುಗನಲ್ಲ. ಮೂರು ವಾರದ ಹಿಂದೆ ಸೇರಿದ ಹದಿನಾರರ ಪೋರನೊಬ್ಬ ನಿನ್ನೆಯಷ್ಟೇ ಎರಡನೆಯ ಕಲ್ಲಿಗೆ ದಾಟಿದ್ದನಂತೆ. ತೋಳು ಮಾತ್ರ ಬಂದ ದಿನದಷ್ಟೇ ಸಣಕಲು. ಅದೂ ಪುಸ್ತಕದಲ್ಲಿದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವುದು ಮಾಂಸವಲ್ಲ, ಇರುವ ಮಾಂಸವನ್ನು ಒಟ್ಟಿಗೆ ಕರೆಯಲು ನರಗಳು ಕಲಿಯುವ ಜಾಣ್ಮೆ. ತೋಳು ದಪ್ಪವಾಗುವುದು ಆಮೇಲಿನ ಮಾತು. ಜಿಮ್ಮಿಗೆ ಸೇರಿ ಮೂರನೇ ವಾರಕ್ಕೆ ಕನ್ನಡಿ ನೋಡಿ ಬಿಟ್ಟುಬಿಡುವವರಿಗೆ ಈ ಸಾಲನ್ನು ಯಾರಾದರೂ ಬಾಗಿಲಲ್ಲೇ ಹೇಳಬೇಕಿತ್ತು.

ಕಲ್ಲಿನ ಸಾಲಿಗೆ ಪುಸ್ತಕದಲ್ಲಿ ಎರಡು ಕಥೆ. ಒಂದು, ಗ್ರೀಕರ ಕ್ರೋಟನ್ ಊರಿನ ಮೈಲೋ ದಿನವೂ ಕರುವೊಂದನ್ನು ಹೊತ್ತು, ಅದು ಹೋರಿಯಾದಾಗಲೂ ಹೊತ್ತನೆಂಬುದು. ಕೇಳಲು ಚೆಂದ, ಆದರೆ ಕರು ದಿನವೂ ಬೆಳೆಯುತ್ತದೆ, ಮೈ ಹಾಗೆ ದಿನವೂ ಬೆಳೆಯುವುದಿಲ್ಲ. ಎರಡನೆಯದು ನನಗೆ ಹೆಚ್ಚು ಹಿಡಿಸಿದ್ದು. ಎರಡನೇ ಮಹಾಯುದ್ಧದ ಹೊತ್ತು, ಷಿಕಾಗೊದ ಸೇನಾ ಆಸ್ಪತ್ರೆ, ಮಂಡಿ ತೊಡೆ ಮುರಿದುಕೊಂಡು ಬಂದ ಸೈನಿಕರು. ಹಗುರ ವ್ಯಾಯಾಮದಿಂದ ತಿಂಗಳುಗಟ್ಟಲೆ ಸುಧಾರಿಸದವರ ಕೈಯಲ್ಲಿ ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ ಭಾರ ಎತ್ತಿಸಿದ. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಮೊದಮೊದಲು ಅವನು ಮಾಡಿಸುತ್ತಿದ್ದದ್ದು ಹತ್ತತ್ತರ ಏಳರಿಂದ ಹತ್ತು ಸುತ್ತು. ನೋಡುತ್ತ ನೋಡುತ್ತ ಅಷ್ಟು ಬೇಡವೆನಿಸಿ ಮೂರಕ್ಕೆ ಇಳಿಸಿದ: ಹತ್ತು ಸಲ ಎತ್ತಬಲ್ಲ ಭಾರದ ಅರ್ಧದಲ್ಲಿ ಒಂದು ಸುತ್ತು, ಮುಕ್ಕಾಲಿನಲ್ಲಿ ಒಂದು, ಪೂರ್ತಿಯಲ್ಲಿ ಒಂದು. ಇವತ್ತು ಬೀದಿ ಬೀದಿಯ ಜಿಮ್ಮಿನಲ್ಲಿ ‘ಮೂರು ಸೆಟ್ಟು, ಹತ್ತತ್ತು’ ಎಂದು ಕೂಗುವುದರ ಬೇರು ಅಲ್ಲಿದೆ. ಹೆಚ್ಚಿಸಿದವನೆಂದು ಎಲ್ಲರೂ ಅವನನ್ನು ನೆನೆಯುತ್ತಾರೆ. ಅವನ ನಿಜವಾದ ಜಾಣತನ ಕಡಿಮೆ ಮಾಡಿದ್ದರಲ್ಲಿತ್ತು ಎಂದು ನನಗನ್ನಿಸುತ್ತದೆ.

ಗವಾಕ್ಷಿಯಿಂದ ಮೊದಲ ಬೆಳಕಿನ ಕೋಲು ಇಳಿದಾಗ ಗದೆ ತಿರುವುವವರ ಸರದಿ. ಬಿದಿರಿನ ಉದ್ದ ಹಿಡಿ, ತುದಿಯಲ್ಲಿ ಕಲ್ಲಿನ ಉಂಡೆ. ಬೆನ್ನ ಹಿಂದೆ ಇಳಿದು ಹೆಗಲ ಮೇಲಿಂದ ಏರಿ ಮತ್ತೆ ಮುಂದಕ್ಕೆ. ಅಳಿಯ ಒಂದನ್ನು ಎತ್ತಿನೋಡಿದ. ಅಕಾಡೆಮಿಯಲ್ಲಿ ನೂರು ಕಿಲೋ ಎತ್ತುವವನು ಹತ್ತು ಕಿಲೋ ಇರದ ಗದೆಗೆ ಎರಡೇ ಸುತ್ತಿಗೆ ಮಣಿಕಟ್ಟು ಸೋತು ನಕ್ಕುಬಿಟ್ಟ. ಭಾರ ಕೈಯಿಂದ ಎಷ್ಟು ದೂರವೋ ಅದು ತಿರುಚುವ ಬಲ ಅಷ್ಟು ಹೆಚ್ಚು. ಹಿಡಿಯ ನಡುವಿಗೆ ಕೈ ಸರಿಸಿದರೆ ಹೊರೆ ಅರ್ಧವಾಗುತ್ತದೆ. ಹುಡುಗರು ಅದನ್ನೇ ಮಾಡುತ್ತಿದ್ದರು: ಮೊದಲ ದಿನಗಳಲ್ಲಿ ಕೈ ಉಂಡೆಯ ಹತ್ತಿರ, ಪಳಗಿದ ಹಾಗೆ ಕೆಳಕೆಳಗೆ. ತೂಕ ಬದಲಾಯಿಸದೆ ಭಾರ ಹೆಚ್ಚಿಸುವ ಉಪಾಯ.

ಗರಡಿ, ಜಿಮ್ಮು ಎಂಬ ಈ ಎರಡು ಲೋಕಗಳನ್ನು ಒಂದೇ ಸೂರಿನಡಿ ತರಲು ನಮ್ಮಲ್ಲೊಬ್ಬರು ಎಂದೋ ಕೈಹಾಕಿದ್ದರು. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಅವರನ್ನು ಕಾದಂಬರಿಕಾರರಾಗಿಯೇ ಬಲ್ಲ ಓದುಗರು ಹೆಚ್ಚು. ಬೆಂಗಳೂರಿನ ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆಯಲ್ಲಿ ಬಾರ್ಬೆಲ್ಲೂ ಸೂರ್ಯನಮಸ್ಕಾರವೂ ಒಟ್ಟಿಗೆ ನಡೆಯುತ್ತಿದ್ದವು, 1930ರಲ್ಲೇ ಅವರು ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದಿದ್ದರು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಎಂಬಾತನನ್ನು ಸಂಬಳ ಕೊಟ್ಟು ಆಟಗಾರರಿಗೆ ಭಾರ ಎತ್ತಿಸುವ ಕೆಲಸಕ್ಕೆ ಕೂರಿಸಿದ್ದು 1969ರಲ್ಲಿ. ಭಾರ ಎತ್ತಿದರೆ ಆಟಗಾರ ಜಡವಾಗುತ್ತಾನೆಂಬ ಹೆದರಿಕೆ ಅಲ್ಲಿ ಆಗಲೂ ಇತ್ತು. ಯಾರ ಓಟವಾದರೂ ನಿಧಾನವಾದರೆ ನಿನ್ನ ಕೆಲಸ ಹೋಯಿತೆಂದು ಮುಖ್ಯ ಕೋಚ್ ಎಪ್ಲಿಗೆ ಮೊದಲೇ ಹೇಳಿದ್ದರಂತೆ.

ಆರೂವರೆಗೆ ಕುಸ್ತಿ. ಇಬ್ಬರು ಮಟ್ಟಿಗಿಳಿದು ಒಬ್ಬರ ಮೈಮೇಲೊಬ್ಬರು ಮಣ್ಣು ಎರಚಿಕೊಂಡರು, ಜಾರದಿರಲೆಂದು. ಮೊದಲ ಎರಡು ನಿಮಿಷ ನೋಡುವವರಿಗೆ ಏನೂ ನಡೆಯುವುದಿಲ್ಲ. ಹಣೆಗೆ ಹಣೆ, ಕತ್ತಿನ ಮೇಲೆ ಕೈ, ಬೆರಳಿಗೆ ಬೆರಳು. ನಿಂತಲ್ಲೇ ನಿಂತ ಹಾಗೆ ಕಂಡರೂ ಮೀನಖಂಡಗಳು ನಡುಗುತ್ತಿರುತ್ತವೆ. ಫಕ್ಕನೆ ಒಬ್ಬ ಕುಸಿದು ಕಾಲಿಗೆ ಕೈಹಾಕಿದ, ಇನ್ನೊಬ್ಬ ಸೊಂಟ ತಿರುವಿ ಧೋಬಿ ಪಟ್ಟಿಗೆ ಎಳೆದ, ಎಲ್ಲ ನಾಲ್ಕೈದು ಸೆಕೆಂಡು. ಮತ್ತೆ ಹಣೆಗೆ ಹಣೆ. ಆ ನಾಲ್ಕೈದು ಸೆಕೆಂಡಿನ ಸಿಡಿತಕ್ಕೆ ಸ್ನಾಯುವಿನೊಳಗೇ ಕೂಡಿಟ್ಟ ಇಂಧನವಿದೆ, ಹತ್ತು ಸೆಕೆಂಡಿನ ಆಚೀಚೆ ಬರಿದಾಗುವಂಥದ್ದು. ಅರ್ಧ ನಿಮಿಷ ಬಿಟ್ಟರೆ ಸುಮಾರು ಅರ್ಧ ತುಂಬಿಕೊಳ್ಳುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ತುಂಬಿಸುವ ಕೆಲಸ ಉಸಿರಿನದು. ಹಾಗಾಗಿ ಹಣೆಗೆ ಹಣೆ ಕೊಟ್ಟು ನಿಂತ ಹಳೇ ಪೈಲ್ವಾನ ಸುಮ್ಮನೆ ನಿಂತಿಲ್ಲ. ಅವನು ತುಂಬಿಸಿಕೊಳ್ಳುತ್ತಿದ್ದಾನೆ, ಎದುರಿನವನು ತುಂಬಿಸಿಕೊಳ್ಳದಂತೆ ಅವನ ಕತ್ತಿನ ಮೇಲೆ ಭಾರ ಹಾಕುತ್ತಿದ್ದಾನೆ. ಚಿತ್ ಆಗುವುದು ಕೊನೆಯ ಪಟ್ಟಿಗಲ್ಲ, ಅದಕ್ಕೂ ಮೊದಲಿನ ನಿಲುವಿಗೆ.

ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು ಆಡುವವನ ತಯಾರಿಯೇ ಬೇರೆ, ಮಣ್ಣಿನವನದೇ ಬೇರೆ. ಯಾವುದಕ್ಕೆ ಮೈಯನ್ನು ಪಳಗಿಸುತ್ತೀರೋ ಅದಕ್ಕಷ್ಟೇ ಅದು ಪಳಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರನ್ನು ಬೋಲ್ಟ್ ಜೊತೆ ಹೋಲಿಸಿ ಕುಣಿಯಿತು. ಸಿಂಥೆಟಿಕ್ ಟ್ರ್ಯಾಕಿನ ಆಯ್ಕೆಗೆ ಕರೆದವರಿಗೆ ಅವರು ಒಲ್ಲೆ ಎಂದರು. ಕೆಸರಿನಲ್ಲಿ ಕೋಣದ ಎಳೆತಕ್ಕೆ ಹೆಜ್ಜೆ ಕೂಡಿಸುವುದೊಂದು ವಿದ್ಯೆ, ಸ್ಪೈಕು ಹಾಕಿ ಬ್ಲಾಕಿನಿಂದ ಚಿಮ್ಮುವುದು ಇನ್ನೊಂದು. ಟಿವಿಗಳಿಗಿಂತ ಅವರಿಗೇ ವ್ಯಾಯಾಮ ವಿಜ್ಞಾನ ಚೆನ್ನಾಗಿ ಗೊತ್ತಿತ್ತು.

ಒಂದು ವಿಷಯದಲ್ಲಿ ಅಳಿಯನಿಗೂ ಉಸ್ತಾದರಿಗೂ ಜಟಾಪಟಿಯೇ ಆಯಿತು. ಸಾಮು ಮುಗಿಯುವವರೆಗೆ ನೀರು ಮುಟ್ಟಬಾರದೆನ್ನುವುದು ಇಲ್ಲಿನ ಹಳೇ ಕಟ್ಟಳೆ. ಬೆವರಿನಲ್ಲಿ ಮೈತೂಕದ ನೂರಕ್ಕೆ ಎರಡರಷ್ಟು, ಅಂದರೆ ಎಪ್ಪತ್ತು ಕಿಲೋದವನಿಗೆ ಒಂದೂವರೆ ಲೀಟರಿನ ಹತ್ತಿರ ಹೋದರೆ ಕಸುವು ಕುಸಿಯತೊಡಗುತ್ತದೆ ಎಂದು ಇವನು. ಹೊಟ್ಟೆ ತುಂಬ ನೀರು ಕುಡಿದು ಕುಸ್ತಿಗಿಳಿದವನು ಏನಾಗುತ್ತಾನೆಂದು ನಾನು ಕಂಡಿದ್ದೇನೆ ಎಂದು ಅವರು. ಇಬ್ಬರೂ ಸರಿ. ಕೊನೆಗೆ ಮೂಲೆಯಲ್ಲೊಂದು ಚೊಂಬು ಬಂತು. “ಗುಟುಕು ಗುಟುಕು, ಗಟಗಟ ಅಲ್ಲ,” ಎಂಬ ಷರತ್ತಿನೊಂದಿಗೆ.

ಆಗಲೇ ನಾನು ಆ ಹುಡುಗನನ್ನು ಗಮನಿಸಿದ್ದು. ಹತ್ತೊಂಬತ್ತಿರಬಹುದು. ಬೆಳಿಗ್ಗೆ ಅಗೆದ ನಾಲ್ವರಲ್ಲಿ ಒಬ್ಬ, ಗರಡಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಹೆಗಲು. ಲಂಗೋಟಿ ಬಿಗಿಮಾಡಿಕೊಂಡು ಮಟ್ಟಿಗಿಳಿಯಲು ಬಂದವನ ಎದೆಗೆ ಉಸ್ತಾದರ ಬೆತ್ತ ಅಡ್ಡ ಬಂತು.

“ರಾತ್ರಿ ಎಷ್ಟು ಲಾರಿ?”

“ಎರಡು, ಉಸ್ತಾದ್ರೇ.”

“ಇವತ್ತು ಕೂತ್ಕೋ ಮರಿ.”

ಹುಡುಗ ಬಂಡೀಪಾಳ್ಯದ ಎಪಿಎಂಸಿಯಲ್ಲಿ ರಾತ್ರಿ ಮೂಟೆ ಇಳಿಸುತ್ತಾನೆ. ಜೋಡಿ ಕಟ್ಟಲು ಹತ್ತೇ ದಿನವೆಂದು ಅವನು ಗೊಣಗಿದ. ಬೆತ್ತ ಕದಲಲಿಲ್ಲ. ಅಗೆಯುವಾಗ ಅವನ ಹಿಮ್ಮಡಿ ಎಳೆಯುತ್ತಿತ್ತು, ಬಸ್ಕಿ ಮುಗಿದ ಮೇಲೆ ಉಸಿರು ಇಳಿಯಲು ಬೇರೆಯವರಿಗಿಂತ ಎರಡರಷ್ಟು ಹೊತ್ತು ಬೇಕಾಯಿತು. ಉಸ್ತಾದರು ಐದೂಕಾಲಿನಿಂದ ಕಾಲು ನೋಡುತ್ತಿದ್ದದ್ದು ಇದಕ್ಕೆ.

ಅಳಿಯ ಫೋನು ತೆಗೆದ. ಅವನ ಅಕಾಡೆಮಿಯಲ್ಲಿ ಪ್ರತಿ ಆಟಗಾರನ ದಿನದ ಹೊರೆಗೊಂದು ಲೆಕ್ಕವಿದೆ: ಎಷ್ಟು ನಿಮಿಷ ಸಾಮು, ಹತ್ತಕ್ಕೆ ಎಷ್ಟು ಕಷ್ಟವೆನಿಸಿತು, ಎರಡನ್ನೂ ಗುಣಿಸು. ಗರಡಿಯ ತೊಂಬತ್ತು ನಿಮಿಷಕ್ಕೆ ಹುಡುಗ ಏಳು ಕೊಟ್ಟ: 630. ರಾತ್ರಿಯ ಲಾರಿ?

“ಮೂರು ಗಂಟೆ ಆಯ್ತಣ್ಣ. ಕಷ್ಟ ಏನಿಲ್ಲ. ಆರು ಹಾಕ್ಕೊಳಿ.”

ನೂರಾ ಎಂಬತ್ತು ಆರಲೆ 1080.

ಅಳಿಯ ಆ ಸಂಖ್ಯೆಯನ್ನೇ ನೋಡುತ್ತ ನಿಂತ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳಲ್ಲಿ ಕಂಡದ್ದು ಇದನ್ನೇ. ಚಳಿಯೋ ವಿಷವೋ ಓಟವೋ, ಪೆಟ್ಟು ಯಾವುದೇ ಇರಲಿ, ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ಎದುರಿಸುತ್ತದೆ, ಬಿಡುವಿಲ್ಲದೆ ಬೀಳುತ್ತಲೇ ಇದ್ದರೆ ಸೋಲುತ್ತದೆ. ಬಸ್ಕಿಯ ಭಾರ ಇದು, ಮೂಟೆಯ ಭಾರ ಅದು ಎಂದು ಮೈ ಬೇರೆ ಬೇರೆ ಖಾತೆ ಇಡುವುದಿಲ್ಲ. ಸಾಮು ಸ್ನಾಯುವನ್ನು ಕೆಡವುತ್ತದೆ, ಅಷ್ಟೇ. ಕಟ್ಟುವುದು ಊಟ ಮತ್ತು ನಿದ್ದೆ. ಈ ಹುಡುಗನಿಗೆ ರಾತ್ರಿಯೂ ಕೆಡವುವುದೇ ನಡೆದಿತ್ತು. ಮೈಕೈ ಹಿಡಿದುಕೊಂಡಿದ್ದರೆ ಅದು ‘ಹುಳಿ’ ಸೇರಿದ್ದಲ್ಲ. ಆ ಲ್ಯಾಕ್ಟಿಕ್ ಆಮ್ಲದ ಮಾತು ಜಿಮ್ಮುಗಳಲ್ಲಿ ಇನ್ನೂ ಓಡಾಡುತ್ತಿದೆ, ಆದರೆ ಅದು ಗಂಟೆಯೊಪ್ಪತ್ತಿನಲ್ಲೇ ರಕ್ತದಿಂದ ಕರಗಿಹೋಗಿರುತ್ತದೆ. ಮಾರನೇ ದಿನದ ನೋವು ಎಳೆಗಳ ಸಣ್ಣ ಸಣ್ಣ ಹರಿತದ್ದು, ರಿಪೇರಿಯದ್ದು.

ಅವನ ಅಕಾಡೆಮಿಯ ಮಕ್ಕಳು ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರು. ಹಾಳೆಯಲ್ಲಿ ನಿದ್ದೆಗೆ ಒಂದು ಕಲಂ ಇದೆ, ಪರೀಕ್ಷೆಯ ಒತ್ತಡಕ್ಕೂ ಒಂದಿದೆ. ಅವನು ಚೀಲದಿಂದ ನೋಟ್‌ಬುಕ್ ತೆಗೆದು ಕೊನೆಯ ಕಲಮಿನ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದ. ತಲೆಬರಹಕ್ಕೆ ಸ್ವಲ್ಪ ಯೋಚಿಸಿ, ಕನ್ನಡದಲ್ಲೇ ‘ಲಾರಿ’ ಎಂದು ಬರೆದ.

ಏಳೂವರೆಗೆ ಮಟ್ಟಿಯನ್ನು ಮತ್ತೆ ಗುಡ್ಡೆ ಮಾಡಿ ಊದುಬತ್ತಿ ಚುಚ್ಚಿದರು. ಮೈಗಂಟಿದ ಮಣ್ಣನ್ನು ಕೈಯಲ್ಲೇ ಉಜ್ಜಿ ಉದುರಿಸುತ್ತ, ಯಾರ ಮನೆಯಲ್ಲಿ ಕಾಲ್‌ಸೂಪು, ಯಾರ ಮನೆಯಲ್ಲಿ ಬರೀ ಮುದ್ದೆ ಎಂದು ಛೇಡಿಸಿಕೊಳ್ಳುತ್ತ ಒಬ್ಬೊಬ್ಬರೇ ಹೊರಟರು. ನಾವು ಬಾಗಿ ಹೊರಬಂದಾಗ ಜಗಲಿಯ ಮೇಲೆ ಬಿಸಿಲು ಬಿದ್ದಿತ್ತು. ಹೆಗಲು ಅಗಲದ ಹುಡುಗ ಟವೆಲ್ಲು ತಲೆಯಡಿಗಿಟ್ಟು, ಬಾಯಿ ತೆರೆದು, ಜಗಲಿಗೆ ಅಡ್ಡಲಾಗಿ ನಿದ್ದೆಹೋಗಿದ್ದ. ಮಲಗಿದವನನ್ನು ದಾಟಬಾರದಲ್ಲ. ಅಷ್ಟೆತ್ತರದ ಪೈಲ್ವಾನರು ಗೋಡೆಗೆ ಬೆನ್ನು ಕೊಟ್ಟು, ಅವನ ಕಾಲ ಬಳಿ ಉಳಿದಿದ್ದ ಗೇಣಗಲ ಜಾಗದಲ್ಲಿ ತುದಿಬೆರಳಿನ ಮೇಲೆ ಒಬ್ಬೊಬ್ಬರಾಗಿ ಸರಿದು ಹೋಗುತ್ತಿದ್ದರು.