ದ್ವೀಪಕ್ಕೆ ಹೊರಡುವ ಮುನ್ನ ಗಾಳಿಯ ದಿಕ್ಕು ನೋಡಿ

ಪ್ರವಾಸ ಎಂದ ಕೂಡಲೇ ನಾವು ಟಿಕೆಟ್ ದರ, ರೂಮು, ರಜೆಯ ದಿನಗಳನ್ನು ಲೆಕ್ಕ ಹಾಕುತ್ತೇವೆ. ಪೆಸಿಫಿಕ್ ಸಾಗರದ ನಡುವಿನ ಹವಾಯಿಗೆ ಹೊರಟವರು ಇನ್ನೊಂದು ಲೆಕ್ಕವನ್ನೂ ಹಾಕಬೇಕಾಗುತ್ತದೆ: ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಜೊತೆಯಲ್ಲಿ ಉಬ್ಬಸ ಇರುವವರಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. ನಾವು ತರಗತಿಯಲ್ಲಿ ಓದುವ ಭೂಗೋಳ, ರಸಾಯನಶಾಸ್ತ್ರ ಎರಡೂ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ವಾಗ್ ಎಂದರೇನು?

ಹವಾಯಿಯ ಅತಿ ದೊಡ್ಡ ದ್ವೀಪವನ್ನು ‘ಬಿಗ್ ಐಲ್ಯಾಂಡ್’ ಎನ್ನುತ್ತಾರೆ. ಅಲ್ಲಿನ ಕಿಲಾವೆಯಾ ಜಗತ್ತಿನ ಅತ್ಯಂತ ಸಕ್ರಿಯ ಜ್ವಾಲಾಮುಖಿಗಳಲ್ಲಿ ಒಂದು. ಅದು ಲಾವಾದ ಜೊತೆಗೆ ಸಲ್ಫರ್ ಡೈಆಕ್ಸೈಡ್ ಅನಿಲವನ್ನೂ ಹೊರಹಾಕುತ್ತದೆ. ಈ ಅನಿಲ ಗಾಳಿಯಲ್ಲಿರುವ ಆಮ್ಲಜನಕ, ತೇವಾಂಶ ಮತ್ತು ಬಿಸಿಲಿನ ಸಹಾಯದಿಂದ ಸಲ್ಫ್ಯೂರಿಕ್ ಆಮ್ಲದ ಸೂಕ್ಷ್ಮ ಹನಿಗಳಾಗಿ, ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ. ಆಗ ಕಾಣುವ ಮಸುಕಾದ ಹೊಗೆಮಂಜೇ ‘ವಾಗ್’. ವಾಲ್ಕೆನೊ ಮತ್ತು ಸ್ಮಾಗ್ ಪದಗಳನ್ನು ಸೇರಿಸಿ ಮಾಡಿದ ಹೆಸರು. ಜ್ವಾಲಾಮುಖಿಯ ಹತ್ತಿರ ಅನಿಲದ ಪ್ರಮಾಣ ಹೆಚ್ಚು, ದೂರ ಹೋದಂತೆ ಕಣಗಳ ಪ್ರಮಾಣ ಹೆಚ್ಚು. ಎರಡೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಋತು ಮತ್ತು ಗಾಳಿ

ವರ್ಷದ ಹೆಚ್ಚಿನ ಕಾಲ ಇಲ್ಲಿ ಈಶಾನ್ಯದಿಂದ ವಾಣಿಜ್ಯ ಮಾರುತಗಳು ಬೀಸುತ್ತವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಅವು ಹೆಚ್ಚು ಸ್ಥಿರ. ಆಗ ವಾಗ್ ನೈಋತ್ಯಕ್ಕೆ ಸಾಗಿ, ದ್ವೀಪದ ದಕ್ಷಿಣ ತುದಿಯನ್ನು ಬಳಸಿ, ಪಶ್ಚಿಮದ ಕೋನಾ ಕರಾವಳಿಯನ್ನು ಸೇರುತ್ತದೆ. 4,000 ಮೀಟರಿಗಿಂತ ಎತ್ತರದ ಮೌನಾ ಲೋವಾ, ಮೌನಾ ಕೇಯಾ ಪರ್ವತಗಳು ಮಾರುತಗಳನ್ನು ತಡೆಯುವುದರಿಂದ, ಕೋನಾದಲ್ಲಿ ಹಗಲಿನ ಕಡಲಗಾಳಿ, ರಾತ್ರಿಯ ನೆಲಗಾಳಿಗಳ ನಡುವೆ ವಾಗ್ ಸಿಕ್ಕಿಕೊಳ್ಳುತ್ತದೆ. ಇದೇ ಹೊತ್ತಿನಲ್ಲಿ ಪೂರ್ವದ ಹಿಲೋ ಊರಿನ ಗಾಳಿ ಸಾಮಾನ್ಯವಾಗಿ ಶುದ್ಧವಾಗಿರುತ್ತದೆ.

ಚಳಿಗಾಲದಲ್ಲಿ ವಾಣಿಜ್ಯ ಮಾರುತಗಳು ಆಗಾಗ ನಿಲ್ಲುತ್ತವೆ. ದಕ್ಷಿಣದ ಗಾಳಿ ಎದ್ದರೆ ಲೆಕ್ಕ ತಿರುಗುಮುರುಗು: ವಾಗ್ ಹಿಲೋ ಕಡೆಗೂ, 300 ಕಿ.ಮೀ.ಗಿಂತ ದೂರದ ಹೊನೊಲುಲುವಿಗೂ ಹೋಗಬಹುದು.

ಮಳೆಯದು ಇನ್ನೊಂದು ಲೆಕ್ಕ. ಗಾಳಿಗೆ ಎದುರಾದ ಹಿಲೋದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಪರ್ವತದ ಮರೆಯ ಪಶ್ಚಿಮ ಕರಾವಳಿ ಒಣಪ್ರದೇಶ. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸದ ಹಿಂದಿನ ತತ್ವವೇ ಇದು. ಹವಾಯಿಯಲ್ಲಿ ಸಾಮಾನ್ಯವಾಗಿ ನವೆಂಬರ್‌ನಿಂದ ಏಪ್ರಿಲ್ ಮಳೆಗಾಲ. ಕೋನಾದಲ್ಲಿ ಮಾತ್ರ ಬೇಸಿಗೆಯಲ್ಲೇ ಮಳೆ ಹೆಚ್ಚು.

ಯೋಜನೆ ಹೇಗೆ?

1. ಎಲ್ಲ ರಾತ್ರಿಗಳಿಗೂ ಒಂದೇ ಊರಿನಲ್ಲಿ ರೂಮು ಹಿಡಿಯಬೇಡಿ. ಪೂರ್ವ, ಪಶ್ಚಿಮ ಎರಡೂ ಕಡೆ ಹಂಚಿಕೊಂಡರೆ ಗಾಳಿ ಬದಲಾದಾಗ ದಿನಚರಿ ಬದಲಿಸಬಹುದು.

2. ಜ್ವಾಲಾಮುಖಿಯ ಸ್ಥಿತಿ ವಿಚಾರಿಸಿ. 2024ರ ಡಿಸೆಂಬರ್ 23ರಂದು ಆರಂಭವಾದ ಕಿಲಾವೆಯಾ ಸ್ಫೋಟ ಬಿಟ್ಟು ಬಿಟ್ಟು ಲಾವಾ ಚಿಮ್ಮಿಸಿತು. ಹೀಗಾದಾಗ ಅನಿಲದ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ. 1912ರಲ್ಲಿ ಸ್ಥಾಪನೆಯಾದ ಹವಾಯಿಯ ಜ್ವಾಲಾಮುಖಿ ವೀಕ್ಷಣಾಲಯ ಇದರ ವರದಿ ಕೊಡುತ್ತದೆ. ವಾಗ್ ಮುನ್ಸೂಚನೆಯನ್ನು ಹವಾಯಿ ವಿಶ್ವವಿದ್ಯಾಲಯ ಸಿದ್ಧಪಡಿಸುತ್ತದೆ.

3. ಉಬ್ಬಸ ಅಥವಾ ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಇನ್‌ಹೇಲರ್ ಕೈಚೀಲದಲ್ಲೇ ಇರಲಿ. ಸಾಮಾನ್ಯ ಮಾಸ್ಕ್ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ವಾಗ್ ದಟ್ಟವಾದ ದಿನ ಓಟ, ಚಾರಣ ಬಿಟ್ಟು ಕಿಟಕಿ ಮುಚ್ಚಿ ಒಳಗಿರುವುದೇ ಲೇಸು. ಉಸಿರಾಟ ಕಷ್ಟವಾದರೆ ತಡಮಾಡದೆ ಚಿಕಿತ್ಸೆ ಪಡೆಯಿರಿ.

ಅಲ್ಲಿನವರ ಪಾಡು

ಪ್ರವಾಸಿಗ ಬೇರೆ ಊರಿಗೆ ಹೋಗಬಹುದು. ಅಲ್ಲೇ ಮನೆ ಇರುವವರು ಎಲ್ಲಿಗೆ ಹೋಗುವುದು? ಬಿಗ್ ಐಲ್ಯಾಂಡ್‌ನ ಅನೇಕ ಮನೆಗಳು ಛಾವಣಿಯ ಮಳೆನೀರನ್ನೇ ಟ್ಯಾಂಕಿನಲ್ಲಿ ಹಿಡಿದು ಬಳಸುತ್ತವೆ. ವಾಗ್‌ನಿಂದ ಆಮ್ಲೀಯವಾದ ಮಳೆ ಛಾವಣಿ, ಕೊಳವೆಗಳಲ್ಲಿರುವ ಸೀಸವನ್ನು ಕರಗಿಸಿ ಕುಡಿಯುವ ನೀರಿಗೆ ಸೇರಿಸಿದ್ದೂ ಉಂಟು. 2018ರ ಸ್ಫೋಟದಲ್ಲಿ 700ರಷ್ಟು ಮನೆ, ಕಟ್ಟಡಗಳು ನಾಶವಾದವು. ಆದ್ದರಿಂದ ಅಲ್ಲಿ ರಸ್ತೆ ಮುಚ್ಚಿದ್ದರೆ, ಉದ್ಯಾನದ ಒಂದು ಭಾಗಕ್ಕೆ ಪ್ರವೇಶ ಇಲ್ಲವೆಂದರೆ ವಾದಿಸದೆ ಹಿಂದಿರುಗಿ. ಆ ಗಾಳಿಯನ್ನು ದಿನವೂ ಉಸಿರಾಡುವವರು ಕೊಟ್ಟ ಎಚ್ಚರಿಕೆ ಅದು.